ವರ್ಷಕ್ಕೊಂದು ಕೋಣೆ: ಮಲೆನಾಡಿನ ಹಳೆಯ ಮನೆಗೆ ಬಣ್ಣ ಬಳಿಯುವ ಕ್ರಮ

ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆಯ ಹೊರಗೋಡೆಗಳು ಜಂಬಿಟ್ಟಿಗೆಯವು, ಒಳಗೋಡೆಗಳು ಮಣ್ಣಿನವು, ಹಿಂಭಾಗದಲ್ಲಿ ಆಮೇಲೆ ಸೇರಿಸಿದ ಎರಡು ಕೋಣೆಗಳು ಸಿಮೆಂಟಿನವು. ಈ ಭಾಗದ ಎಷ್ಟೋ ಮನೆಗಳು ಹೀಗೆ ತಲೆಮಾರಿಗೊಂದಿಷ್ಟು ಬೆಳೆದು ನಿಂತಿರುವುದರಿಂದ ಒಂದೇ ಬಗೆಯ ಬಣ್ಣ, ಒಂದೇ ಬಗೆಯ ಕೆಲಸ ಇಡೀ ಮನೆಗೆ ಒಗ್ಗುವುದಿಲ್ಲ. ಮದುವೆಯೋ ಗೃಹಶಾಂತಿಯೋ ಬಂತೆಂದು ಹದಿನೈದು ದಿನಗಳಲ್ಲಿ ಇಡೀ ಮನೆಗೆ ಬಣ್ಣ ಹೊಡೆಸಿ, ಮುಂದಿನ ಮಳೆಗಾಲದಲ್ಲಿ ಅದು ಹಪ್ಪಳದಂತೆ ಏಳುವುದನ್ನು ನೋಡಿದವರು ನಮ್ಮೂರಲ್ಲಿ ಕಡಿಮೆಯಿಲ್ಲ. ಆದ್ದರಿಂದ ನಾನು ಹೇಳುವ ಕ್ರಮ ಇಷ್ಟು: ವರ್ಷಕ್ಕೆ ಒಂದು ಕೋಣೆಯನ್ನು ಮಾತ್ರ ಹಿಡಿಯಬೇಕು, ದುರಸ್ತಿ ಮಾಡಿದ ಗೋಡೆಗೆ ಒಂದು ಮಳೆಗಾಲ ಕಳೆಯುವವರೆಗೆ ಬಣ್ಣ ಹಾಕಬಾರದು.

ಕೆಲಸ ಆರಂಭವಾಗಬೇಕಾದದ್ದು ಅಂಗಡಿಯ ಬಣ್ಣದ ಪಟ್ಟಿಯಿಂದಲ್ಲ, ಪುನರ್ವಸು, ಪುಷ್ಯ ಮಳೆಗಳು ಹಿಡಿದುಕೊಂಡು ಹೊಯ್ಯುತ್ತಿರುವ ಜುಲೈ ತಿಂಗಳಿನಲ್ಲಿ. ನಮ್ಮ ತಾಲ್ಲೂಕಿನದೇ ಆದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಶಿವಮೊಗ್ಗ ನಗರದಲ್ಲಿ ಬೀಳುವುದು ಅದರ ಒಂದು ಸಣ್ಣ ಪಾಲು. ನಗರದ ಮನೆಗೆ ಸರಿಹೋದ ಸಲಹೆ ಘಟ್ಟದ ಅಂಚಿನ ಮನೆಗೆ ಹೊಂದದಿರಲು ಈ ಅಂತರವೇ ಕಾರಣ. ಜಡಿಮಳೆಯ ದಿನ ಒಂದು ಸೀಮೆಸುಣ್ಣದ ತುಂಡು ಹಿಡಿದು ಪ್ರತಿ ಕೋಣೆಯನ್ನೂ ಸುತ್ತಿ, ಒದ್ದೆ ಎಲ್ಲಿಯವರೆಗೆ ಏರಿದೆಯೋ ಅಲ್ಲಿ ಗೆರೆ ಎಳೆದು ತಾರೀಕು ಬರೆಯಿರಿ. ನೆಲದಿಂದ ಮೇಲೇರಿದ ಒದ್ದೆ ಗೋಡೆಯುದ್ದಕ್ಕೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ನಿಲ್ಲುತ್ತದೆ ಮತ್ತು ಅದರ ಮೇಲಂಚಿನಲ್ಲಿ ಬಿಳಿಯ ಉಪ್ಪು ಪುಡಿಪುಡಿಯಾಗಿ ಉದುರುತ್ತದೆ. ಮಾಡಿನಿಂದ ಸೋರಿದ್ದು ಮೇಲಿನಿಂದ ಕೆಳಕ್ಕೆ ಕಂದು ಗೆರೆಯಾಗಿ ಇಳಿಯುತ್ತದೆ. ಪಶ್ಚಿಮದ, ನೈಋತ್ಯದ ಗೋಡೆಯಲ್ಲಿ ಕಿಟಕಿಯ ಸುತ್ತ ಮಾತ್ರ ಕಾಣುವ ಒದ್ದೆ ಎರಚಲಿನದು. ಈ ಮೂರಕ್ಕೂ ಮದ್ದು ಬೇರೆ ಬೇರೆ, ಮತ್ತು ಯಾವುದರ ಮದ್ದೂ ಬಣ್ಣದ ಡಬ್ಬಿಯಲ್ಲಿಲ್ಲ.

ಮಾಡಿನ ಸೋರಿಕೆಗೆ ಒಡೆದ ಹೆಂಚು ಬದಲಿಸಿ, ಸರಿದ ಹೆಂಚು ಕೂರಿಸಿ, ಗೆದ್ದಲು ಹಿಡಿದ ರೀಪುಗಳನ್ನು ತೆಗೆಸಬೇಕು. ಎರಚಲಿಗೆ ಹಿರಿಯರು ಪ್ರತಿವರ್ಷ ಕಟ್ಟುತ್ತಿದ್ದ ಅಡಿಕೆ ಸೋಗೆಯ ತಟ್ಟಿಗಿಂತ ಒಳ್ಳೆಯ ಉಪಾಯವನ್ನು ನಾನಿನ್ನೂ ಕಂಡಿಲ್ಲ. ಅದಾಗದಿದ್ದರೆ ಸೂರನ್ನು ಎರಡು ಅಡಿ ಮುಂದಕ್ಕೆ ಚಾಚಿಸಬಹುದು. ನೆಲದಿಂದ ಏರುವ ಒದ್ದೆಗೆ ಮೊದಲು ಹೊರಗಿನ ಅಂಗಳವನ್ನು ನೋಡಿ. ವರ್ಷವರ್ಷವೂ ಮಣ್ಣು ಕೂತು ಅಂಗಳ ಎತ್ತರವಾಗಿ, ಗೋಡೆಯ ಬುಡ ಹೂತುಹೋಗಿರುತ್ತದೆ. ಆ ಮಣ್ಣನ್ನು ತೆಗೆದು, ನೀರು ಗೋಡೆಯಿಂದ ದೂರ ಹರಿಯುವಂತೆ ಇಳಿಜಾರು ಮಾಡಿ, ಸೂರಿನ ನೀರು ಬೀಳುವ ಜಾಗಕ್ಕೆ ಚರಂಡಿ ತೋಡಿಸಿದರೆ ಮುಂದಿನ ಮಳೆಗಾಲದಲ್ಲಿ ಸೀಮೆಸುಣ್ಣದ ಗೆರೆಗಿಂತ ಒದ್ದೆ ಕೆಳಗಿಳಿದಿರುವುದು ಕಣ್ಣಿಗೇ ಕಾಣುತ್ತದೆ.

ಬಣ್ಣದ ಕೆಲಸಕ್ಕೆ ನಮ್ಮಲ್ಲಿ ಸಿಗುವ ಕಾಲ ಚಿಕ್ಕದು. ಅಡಿಕೆಯ ಕೊನೆಕೊಯ್ಲು, ಸುಲಿತ ಮುಗಿಯುವವರೆಗೆ ಮನೆಯವರಿಗೂ ಕೆಲಸದವರಿಗೂ ಬಿಡುವಿರುವುದಿಲ್ಲ. ಅಂಗಳದಲ್ಲಿ ಅಡಿಕೆ ಒಣಗುವಷ್ಟು ದಿನ ಒಳಗೆಲ್ಲ ದೂಳು. ಸಂಕ್ರಾಂತಿ ಕಳೆದ ಮೇಲೆ ಆರಂಭಿಸಿ, ಏಪ್ರಿಲ್ ಕೊನೆಯ ಭರಣಿ ಮಳೆಗೆ ಮೊದಲು ಕೊನೆಯ ಕೋಟು ಒಣಗಿರಬೇಕು. ಗೋಡೆ ಒಣಗಿದೆಯೇ ಎಂದು ತಿಳಿಯಲು ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಾಕಿ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಒಳಬದಿಯಲ್ಲಿ ಹನಿ ಕೂತಿದ್ದರೆ ನೀರು ಗೋಡೆಯೊಳಗಿದೆ ಎಂದರ್ಥ. ಹೊರಬದಿಯಲ್ಲಿ ಮಾತ್ರ ಇದ್ದರೆ ಅದು ಕೋಣೆಯ ಗಾಳಿಯ ತೇವ.

ಮೊದಲ ವರ್ಷಕ್ಕೆ ಸಾಮಾನು ಕಡಿಮೆಯಿರುವ, ಅತಿಥಿಗಳ ಕಣ್ಣಿಗೆ ಬೀಳದ ಒಂದು ಪಕ್ಕದ ಕೋಣೆಯನ್ನು ಆರಿಸಿಕೊಳ್ಳುವುದು ಒಳ್ಳೆಯದು. ಕೈ ಪಳಗುವವರೆಗೆ ಆಗುವ ತಪ್ಪುಗಳು ಅಲ್ಲಿಯೇ ಆಗಿಹೋಗಲಿ. ನಡುಮನೆ ಆಮೇಲೆ, ಅಡುಗೆಮನೆ ಎಲ್ಲಕ್ಕಿಂತ ಕೊನೆಗೆ. ಯಾವ ಕೋಣೆಯಾದರೂ ಗೋಡೆ ಮುಟ್ಟುವ ಮೊದಲು ವೈರಿಂಗ್ ಮುಗಿಸಿಕೊಳ್ಳಿ. ಮರದ ಪಟ್ಟಿಯ ಹಳೆಯ ವೈರಿಂಗ್ ಇನ್ನೂ ಉಳಿದಿದ್ದರೆ ಅದನ್ನು ತೆಗೆಸಿ, ಅರ್ಥಿಂಗ್ ಸರಿಪಡಿಸಿ, ಕರೆಂಟು ಸೋರಿದೊಡನೆ ತಾನಾಗಿ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚನ್ನು ಹಾಕಿಸುವುದು ಒದ್ದೆ ಗೋಡೆಯ ಮನೆಯಲ್ಲಿ ಜೀವ ಕಾಯುವ ಖರ್ಚು.

ಇನ್ನು ಮಣ್ಣಿನ ಗೋಡೆಯ ವಿಷಯ. ಇದನ್ನು ನಾನು ನಷ್ಟ ಮಾಡಿಕೊಂಡೇ ಕಲಿತೆ. ನಡುಮನೆಯ ಗೋಡೆಯ ಬುಡ ಉದುರುತ್ತಿದೆಯೆಂದು, ಮೇಸ್ತ್ರಿಯ ಮಾತು ಕೇಳಿ ಮೂರು ಅಡಿ ಎತ್ತರದವರೆಗೆ ಸಿಮೆಂಟ್ ಗಾರೆ ಮಾಡಿಸಿ, ಅದರ ಮೇಲೆ ಹೊಳೆಯುವ ಎಮಲ್ಷನ್ ಬಳಿಸಿದೆ. ಒಂದು ವರ್ಷ ಚೆನ್ನಾಗಿಯೇ ಇತ್ತು. ಎರಡನೆಯ ಮಳೆಗಾಲದಲ್ಲಿ ಒದ್ದೆ ಸಿಮೆಂಟನ್ನು ದಾಟಿ ಅದರ ಮೇಲೆ, ನಾಲ್ಕಡಿಯ ಎತ್ತರದಲ್ಲಿ ಕಾಣಿಸಿಕೊಂಡಿತು. ಬೆರಳ ಗೆಣ್ಣಿನಿಂದ ತಟ್ಟಿದರೆ ಗಾರೆಯ ಹಿಂದೆ ಟೊಳ್ಳು ಸದ್ದು ಬರುತ್ತಿತ್ತು. ಆಗಸ್ಟಿನ ಒಂದು ರಾತ್ರಿ ಮಂಚದಗಲದ ಗಾರೆ ಒಂದೇ ಹಲಗೆಯಾಗಿ ಕಳಚಿಬಿತ್ತು. ಅದರ ಹಿಂದಿನ ಮಣ್ಣು ಕೈಯಲ್ಲಿ ಉಂಡೆ ಕಟ್ಟುವಷ್ಟು ಹಸಿಯಾಗಿತ್ತು. ಮಣ್ಣಿನ ಗೋಡೆ ನೀರನ್ನು ಹೀರುತ್ತದೆ, ಆರುತ್ತದೆ. ಆರುವ ದಾರಿಯನ್ನು ಸಿಮೆಂಟಿನಿಂದಲೂ ಪ್ಲಾಸ್ಟಿಕ್‌ನಂಥ ಬಣ್ಣದಿಂದಲೂ ಮುಚ್ಚಿದರೆ ನೀರು ಒಳಗೇ ಉಳಿದು ಗೋಡೆಯನ್ನು ತಿನ್ನುತ್ತದೆ. ಉದುರಿದ ಜಾಗಕ್ಕೆ ಅದೇ ಬಗೆಯ ಮಣ್ಣನ್ನು ಹುಲ್ಲಿನೊಂದಿಗೆ ಕಲಸಿ ಮೆತ್ತಿ, ಮೇಲೆ ಸುಣ್ಣದ ಗಾರೆ, ಅದರ ಮೇಲೆ ಸುಣ್ಣ: ಇದೇ ಆ ಗೋಡೆಗೆ ಸಲ್ಲುವ ಕೆಲಸ. ಜಂಬಿಟ್ಟಿಗೆಯ ಗೋಡೆಗೂ ಒಳಬದಿಯಲ್ಲಿ ನಾನು ಸುಣ್ಣವನ್ನೇ ಬಳಿಸುತ್ತೇನೆ.

ಸುಣ್ಣ ಬಳಿಯುವುದನ್ನು ಬಡವರ ಕೆಲಸವೆಂದು ಅಲಕ್ಷಿಸುವವರಿದ್ದಾರೆ. ಸರಿಯಾಗಿ ಮಾಡಿದ ಸುಣ್ಣದ ಗೋಡೆಯ ತಂಪು, ಅದರ ಮೆತ್ತನೆಯ ಬೆಳಕು ಯಾವ ಡಬ್ಬಿಯ ಬಣ್ಣಕ್ಕೂ ಬರುವುದಿಲ್ಲ. ಅದರ ಕ್ಷಾರಗುಣದಿಂದಾಗಿ ಬೂಷ್ಟೂ ಬೇಗ ಹತ್ತುವುದಿಲ್ಲ. ಸುಟ್ಟ ಸುಣ್ಣದ ಕಲ್ಲನ್ನು ಕಬ್ಬಿಣದ ಪಾತ್ರೆಯಲ್ಲಿ ಅರಳಿಸಿ. ಮೊದಲು ನೀರು ತುಂಬಿಸಿ, ಆ ನೀರಿಗೆ ಕಲ್ಲನ್ನು ಸ್ವಲ್ಪಸ್ವಲ್ಪವಾಗಿ ಹಾಕಬೇಕೇ ಹೊರತು ಕಲ್ಲಿನ ಮೇಲೆ ನೀರು ಸುರಿಯಬಾರದು. ಕೊತಕೊತ ಕುದಿದು ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗವುಸು ಇರಲೇಬೇಕು, ಮಕ್ಕಳು ಹತ್ತಿರ ಸುಳಿಯಬಾರದು. ಒಂದು ವಾರವಾದರೂ ನೀರಿನಡಿ ನೆನೆದ ಸುಣ್ಣವನ್ನು ತೆಳು ಬಟ್ಟೆಯಲ್ಲಿ ಸೋಸಿ, ನೀರುಮಜ್ಜಿಗೆಯ ಹದಕ್ಕೆ ತನ್ನಿ. ಅಂಟು ಬರಲೆಂದು ಅಕ್ಕಿಗಂಜಿಯನ್ನೋ ಮೈದಾ ಗಂಜಿಯನ್ನೋ ಸೇರಿಸುವ ರೂಢಿಯಿದೆ. ಬಯಲುಸೀಮೆಯಲ್ಲಿ ಅದು ನಡೆದೀತು, ನಮ್ಮ ತೇವದಲ್ಲಿ ಅದು ಬೂಷ್ಟಿಗೆ ಆಹಾರವಾಗುತ್ತದೆ.

ಬಳಿಯುವ ಮೊದಲು ಗೋಡೆಗೆ ನೀರು ಚಿಮುಕಿಸಿ. ಒಣ ಗೋಡೆ ಸುಣ್ಣದ ನೀರನ್ನೆಲ್ಲ ಹೀರಿಬಿಟ್ಟರೆ ಒಣಗಿದ ಮೇಲೆ ಅದು ಕೈಗೆ ಹತ್ತುವ ಪುಡಿಯಾಗುತ್ತದೆ. ಮೊದಲ ಕೋಟು ಬಳಿಯುವಾಗ ಏನೂ ಕಾಣಿಸುವುದಿಲ್ಲ, ಬರಿಯ ನೀರು ಬಳಿದಂತಿರುತ್ತದೆ. ಅದಕ್ಕೆ ಹೆದರಿ ಸುಣ್ಣವನ್ನು ಗಟ್ಟಿ ಮಾಡಿಕೊಳ್ಳಬೇಡಿ. ಒಣಗುತ್ತ ಒಣಗುತ್ತ ಅದು ಬೆಳ್ಳಗಾಗುತ್ತದೆ. ಒಂದು ದಪ್ಪ ಕೋಟಿಗಿಂತ, ದಿನಕ್ಕೊಂದರಂತೆ ಒಂದು ಸಲ ಅಡ್ಡ, ಒಂದು ಸಲ ಉದ್ದ ಬಳಿದ ಮೂರು ತೆಳು ಕೋಟುಗಳೇ ಗಟ್ಟಿ. ಬಣ್ಣ ಬೇಕೆಂದರೆ ಸುಣ್ಣದ ಖಾರ ತಡೆಯುವ ಕೆಂಪು, ಹಳದಿ ಆಕ್ಸೈಡ್ ಪುಡಿಗಳನ್ನು, ಸುಣ್ಣದ ತೂಕದ ಹತ್ತರಲ್ಲೊಂದು ಪಾಲು ಮೀರದಂತೆ ಬೆರೆಸಬಹುದು. ಮೊದಲೇ ಎಮಲ್ಷನ್ ಬಳಿದ ಗೋಡೆಯ ಮೇಲೆ ಮಾತ್ರ ಸುಣ್ಣ ನಿಲ್ಲುವುದಿಲ್ಲ. ಹಳೆಯದನ್ನು ಪೂರ್ತಿ ಕೆರೆದು ತೆಗೆಯಬೇಕು.

ಸಿಮೆಂಟಿನ ಕೋಣೆಗಳ ಕ್ರಮ ಎಲ್ಲೆಡೆಯೂ ಇರುವಂಥದೇ. ಹೊಸ ಗಾರೆಯಾದರೆ 28 ದಿನ ಬಿಟ್ಟು, ಪ್ರೈಮರ್, ತೆಳುವಾಗಿ ಎರಡು ಸಲ ಪುಟ್ಟಿ, ಮರಳುಕಾಗದ, ಮತ್ತೆ ಪ್ರೈಮರ್, ಎರಡು ಕೋಟು ಎಮಲ್ಷನ್. ಬೂಷ್ಟು ಹಿಡಿದಿದ್ದರೆ ಒಣಗಿದ್ದಾಗ ಉಜ್ಜಬೇಡಿ, ಅದು ಇಡೀ ಮನೆಗೆ ಹಾರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಕಿಟಕಿ ತೆರೆದಿಟ್ಟು, ಬ್ಲೀಚಿಂಗ್ ಪುಡಿಯ ತಿಳಿನೀರು ಬಳಿದು, ತೊಳೆದು ಒಣಗಿಸಿ. ಆ ನೀರಿಗೆ ಕಕ್ಕಸು ತೊಳೆಯುವ ಆಸಿಡ್ ತಾಗಬಾರದು, ವಿಷಾನಿಲ ಏಳುತ್ತದೆ. ಬಣ್ಣ ಎಷ್ಟು ಬೇಕೆಂಬ ಲೆಕ್ಕವನ್ನು ನೀವೇ ಮಾಡಿಕೊಳ್ಳಿ: 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆಗೆ ನಾಲ್ಕು ಗೋಡೆ ಸೇರಿ 440 ಚದರ ಅಡಿ, ಒಂದು ಬಾಗಿಲು, ಎರಡು ಕಿಟಕಿ ಕಳೆದರೆ 390ರ ಆಸುಪಾಸು. ಇದನ್ನು ಡಬ್ಬಿಯ ಮೇಲೆ ಬರೆದ ಅಳತೆಗೆ ಹೋಲಿಸಿ ಸ್ವಲ್ಪ ಹೆಚ್ಚೇ ತನ್ನಿ, ಏಕೆಂದರೆ ತರಿತರಿ ಗೋಡೆ ಹೆಚ್ಚು ಕುಡಿಯುತ್ತದೆ.

ಬಾಗಿಲು, ಕಿಟಕಿಗಳ ಹಳೆಯ ಎಣ್ಣೆಬಣ್ಣದ ಬಗ್ಗೆ ವಿಶೇಷ ಎಚ್ಚರಿಕೆ ಬೇಕು. ಮನೆಗೆ ಬಳಸುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಆದದ್ದು 2016ರಲ್ಲಿ, ಜಾರಿಗೆ ಬಂದದ್ದು ಮರುವರ್ಷ. ಅದಕ್ಕಿಂತ ಹಳೆಯ ಪದರಗಳಲ್ಲಿ ಸೀಸವಿದೆಯೆಂದೇ ಭಾವಿಸಿ, ನೀರು ಹಾಕಿಕೊಂಡೇ ಉಜ್ಜಿ, ಮಾಸ್ಕ್ ಕಟ್ಟಿಕೊಂಡು, ಬಿದ್ದ ಸಿಪ್ಪೆಯನ್ನು ಕಾಗದದಲ್ಲಿ ಹಿಡಿದು ತೆಗೆಯಿರಿ. ಬಸುರಿಯರು, ಚಿಕ್ಕ ಮಕ್ಕಳು ಆ ದಿನಗಳಲ್ಲಿ ಬೇರೆ ಕಡೆ ಇರಲಿ. ಬಣ್ಣದಡಿಯಲ್ಲಿ ಬೀಟೆಯೋ ಹಲಸೋ ಕಂಡರೆ ಅದನ್ನು ಮತ್ತೆ ಮುಚ್ಚಬೇಡಿ, ಅಗಸೆ ಎಣ್ಣೆ ತಿಕ್ಕಿದರೆ ಸಾಕು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿ ಕಾವು ಏರಿ ಹೊತ್ತಿಕೊಳ್ಳಬಹುದು, ಆದ್ದರಿಂದ ಬಿಸಿಲಿಗೆ ಬಿಡಿಸಿ ಹರವಿ. ಮಾಡಿನ ಪಕಾಸು, ರೀಪುಗಳಿಗೆ ಗೆದ್ದಲು ಬಾರದಂತೆ ಗೇರುಬೀಜದ ಸಿಪ್ಪೆಯಿಂದ ತೆಗೆದ ಗೇರೆಣ್ಣೆ ಬಳಿಯುವುದು ಹಳೆಯ ಕ್ರಮ. ಅದು ಚರ್ಮ ಸುಡುವುದರಿಂದ ಗವುಸಿಲ್ಲದೆ ಮುಟ್ಟಬಾರದು.

ಬಣ್ಣದ ಆಯ್ಕೆಯನ್ನು ಮಲೆನಾಡಿನ ಬೆಳಕೇ ತೀರ್ಮಾನಿಸಬೇಕು. ಸೂರು ಇಳಿಜಾರು, ಕಿಟಕಿ ಚಿಕ್ಕದು, ಜುಲೈಯಲ್ಲಿ ಮಧ್ಯಾಹ್ನ ಮೂರಕ್ಕೇ ದೀಪ ಹಾಕಬೇಕು. ಅಂಥ ಬೆಳಕಿನಲ್ಲಿ ಅಚ್ಚ ಬಿಳುಪು ಬೂದಿಯಂತೆ ಕಾಣುತ್ತದೆ. ಕೊಂಚ ಹಳದಿ ಬೆರೆತ ಬಿಳುಪು ಬೆಚ್ಚಗಿರುತ್ತದೆ. ಎರಡು ಗೋಡೆಗಳ ಮೇಲೆ ಎರಡಡಿ ಚೌಕ ಬಳಿದು, ಬೆಳಗ್ಗೆ, ಸಂಜೆ, ದೀಪದ ಬೆಳಕಿನಲ್ಲಿ ನೋಡಿದ ಮೇಲೆಯೇ ಡಬ್ಬಿ ಕೊಳ್ಳಿ. ಮಾಡಿನಲ್ಲಿ ಎರಡು ಗಾಜಿನ ಹೆಂಚು ಹಾಕಿಸಿದರೆ ಯಾವ ಬಣ್ಣವೂ ತಾರದ ಬೆಳಕು ಬರುತ್ತದೆ. ಗೋಡೆಯ ಬುಡಕ್ಕೆ ಎರಡಡಿಯ ಕೆಮ್ಮಣ್ಣಿನ ಪಟ್ಟಿ ಬಳಿಯುತ್ತಿದ್ದ ಪದ್ಧತಿಯನ್ನು ಉಳಿಸಿಕೊಳ್ಳಿ. ಕೊಳೆ, ಒದ್ದೆ ಅಲ್ಲಿ ಕಾಣುವುದಿಲ್ಲ, ಹಬ್ಬಕ್ಕೊಮ್ಮೆ ಅಷ್ಟನ್ನೇ ಹೊಸದು ಮಾಡಬಹುದು.

ಬಳಿಯಬಾರದ ಜಾಗಗಳೂ ಮನೆಯಲ್ಲಿರುತ್ತವೆ. ಸಾಗರ, ಸೊರಬದ ಕಡೆ ದೀವರ ಸಮುದಾಯದ ಮನೆಗಳ ಗೋಡೆಯಲ್ಲಿ ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಬಿಳುಪು, ಹುರಿದ ಅಕ್ಕಿಯ ಕಪ್ಪು ಬಳಸಿ, ಪುಂಡಿನಾರಿನ ಕುಂಚದಲ್ಲಿ ಬರೆದ ಹಸೆಚಿತ್ತಾರವಿದ್ದರೆ ಅದರ ಸುತ್ತ ಒಂದು ಗೇಣು ಬಿಟ್ಟೇ ಕೆಲಸ ಮಾಡಬೇಕು. ಒಮ್ಮೆ ಸುಣ್ಣ ಮೇಲೆ ಬಿದ್ದರೆ ಅದನ್ನು ಮರಳಿ ಪಡೆಯಲಾಗದು. ನಮ್ಮಲ್ಲಿ ಅಟ್ಟದ ಏಣಿಯ ಹಿಂದೆ ಅಜ್ಜ ಇದ್ದಿಲಿನಿಂದ ಎಳೆದ ಅಡಿಕೆ ಮೂಟೆಯ ಲೆಕ್ಕವಿದೆ: ನಾಲ್ಕು ಉದ್ದ ಗೆರೆ, ಮೇಲೊಂದು ಅಡ್ಡ ಗೆರೆ, ಹೀಗೆ ಹನ್ನೊಂದು ಕಟ್ಟು, ಕೊನೆಯಲ್ಲಿ ಮೂರು ಬಿಡಿ ಗೆರೆ. “ಅದೊಂದ್ ಬಿಟ್ಟು ಹೊಡಿ ಮಾರಾಯ” ಎಂದು ದೊಡ್ಡಪ್ಪ ಪೇಂಟರಿಗೆ ಎರಡು ಸಲ ಹೇಳಿದ ಕಾರಣ ಆ ಅಂಗೈಯಗಲದ ಗೋಡೆ ಹಾಗೆಯೇ ಉಳಿದಿದೆ.

ಅಡುಗೆಮನೆಯನ್ನು ಕೊನೆಗಿಡುವುದು ಮಸಿಯ ಕಾರಣಕ್ಕೆ. ಸೌದೆ ಒಲೆಯ ಮಸಿ, ಎಣ್ಣೆಜಿಡ್ಡು ಸೇರಿದ ಗೋಡೆಗೆ ನೇರವಾಗಿ ಸುಣ್ಣವನ್ನೋ ಎಮಲ್ಷನನ್ನೋ ಬಳಿದರೆ ವಾರದೊಳಗೆ ಕಂದು ಕಲೆ ಮೇಲೇಳುತ್ತದೆ. ಮೊದಲು ಕೆರೆದು, ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ಉಜ್ಜಿ, ತೊಳೆದು, ಹದಿನೈದು ದಿನ ಒಣಗಲು ಬಿಡಿ. ಸಿಮೆಂಟ್ ಗೋಡೆಯಾದರೆ ಒಂದು ಕೋಟು ಎಣ್ಣೆ ಪ್ರೈಮರ್ ಕಲೆಯನ್ನು ತಡೆಯುತ್ತದೆ; ಮಣ್ಣಿನ ಗೋಡೆಯಾದರೆ ಮಸಿ ಕುಡಿದ ಮೇಲ್ಪದರವನ್ನೇ ಕೆತ್ತಿ ಹೊಸದಾಗಿ ಮೆತ್ತಬೇಕು. ಒಲೆಯ ನೆತ್ತಿಯ ತೊಲೆಗಳ ಮೇಲಿನ ಮಸಿಯನ್ನು ಮಾತ್ರ ಹಾಗೆಯೇ ಬಿಡಿ, ಹೊಗೆ ಕುಡಿದ ಮರಕ್ಕೆ ಹುಳು ಹತ್ತುವುದು ಕಡಿಮೆ.

ಬಣ್ಣದ ಹೆಸರು, ಸಂಖ್ಯೆ, ಬಳಿದ ತಿಂಗಳನ್ನು ಗೋಡೆಕಪಾಟಿನ ಬಾಗಿಲ ಒಳಬದಿಯಲ್ಲಿ ಬರೆದಿಡಿ. ಮುಗಿದ ಕೋಣೆಯ ಮೊದಲ ಮಳೆಗಾಲದಲ್ಲಿ ಬೀರು, ಮಂಚಗಳನ್ನು ಗೋಡೆಯಿಂದ ನಾಲ್ಕು ಬೆರಳು ದೂರವಿಟ್ಟು, ಮಳೆ ಬಿಟ್ಟು ಹೊಳವಾದ ದಿನ ಕಿಟಕಿಗಳನ್ನು ತೆರೆದು, ಜುಲೈಯಲ್ಲಿ ಮತ್ತೊಮ್ಮೆ ಸೀಮೆಸುಣ್ಣ ಹಿಡಿದು ಮುಂದಿನ ವರ್ಷದ ಕೋಣೆಯೊಳಗೆ ಹೋಗಿ.