ಅಜ್ಜನ ಫಿಯಟ್‌ಗೆ ಅಡಿಕೆ ಚೊಗರು

ಮೊದಲೇ ಹೇಳಿಬಿಡುತ್ತೇನೆ: ಕಾರಿನ ತುಕ್ಕಿಗೆ ಅಡಿಕೆ ಚೊಗರು (ಅಡಿಕೆ ಬೇಯಿಸಿದ ಮೇಲೆ ಉಳಿಯುವ ರಸ) ಆಗುತ್ತದೆ. ಎರಡು ಮಳೆಗಾಲ ಕಾದು ನೋಡಿಯೇ ಬರೆಯುತ್ತಿದ್ದೇನೆ. ‘ಚೊಗರು ಮಾತ್ರ ಯಾಕೆ, ಎಲೆ ಸುಣ್ಣವನ್ನೂ ಕೊಡು ಅದಕ್ಕೆ’ ಎಂದು ನಕ್ಕ ಭಾವನೂ ಇದನ್ನು ಓದಲಿ.

ಕಾರು 1968ರ ಫಿಯಟ್ 1100 ಡಿ. ಅಜ್ಜ ಮಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತಂದದ್ದು. 2003ರಲ್ಲಿ ನಿಂತಿತು. ಆಮೇಲೆ ನೀರ್ಚಾಲು ಹತ್ತಿರದ ನಮ್ಮ ಮನೆಯ ಹಟ್ಟಿಗೆ ತಾಗಿದ ಇಳಿಮಾಡಿನಲ್ಲಿ 18 ವರ್ಷ. ಒಂದು ಬದಿಯಿಂದ ಕಾಸರಗೋಡಿನ ಮಳೆ, ಇನ್ನೊಂದು ಬದಿಯಿಂದ ಗಂಜಳದ ಹಬೆ. 2021ರ ಲಾಕ್‌ಡೌನ್‌ನಲ್ಲಿ ಬಾಗಿಲು ಎಳೆದು ತೆಗೆದರೆ ಹಿಂದಿನ ಸೀಟಿನಲ್ಲಿ ಇಲಿಗಳ ಸಂಸಾರ. ಡಿಕ್ಕಿಯಲ್ಲಿ ಕೇರೆ ಹಾವಿನ ಪೊರೆ.

ಬದಿಯಡ್ಕದಿಂದ ಬಂದ ಟಿಂಕರ್ ಕಾಲಿಡುವ ಜಾಗಕ್ಕೆ ಸ್ಕ್ರೂಡ್ರೈವರ್ ಚುಚ್ಚಿದರು. ಅದು ನೇರ ನೆಲಕ್ಕೆ ಹೋಗಿ ನಿಂತಿತು. ‘ಇದ್ ನಡಕ್ಕೂಲ’ (ಇದು ಆಗುವ ಕೆಲಸವಲ್ಲ) ಎಂದು ಮಲಯಾಳದಲ್ಲಿ ಹೇಳಿ ಚಹಾ ಕುಡಿದು ಹೋದರು. ಗಡಿಯಾಚೆ ಪುತ್ತೂರಿನಲ್ಲಿ ಒಬ್ಬರು ಫೋಟೋ ನೋಡಿಯೇ ಬಾಡಿ ಕೆಲಸಕ್ಕೆ ಒಂದೂ ಮುಕ್ಕಾಲು ಲಕ್ಷ ಅಂದರು. ಕೊನೆಗೆ ಬಾಗಿಲುಗಳನ್ನೂ ಮಡ್‌ಗಾರ್ಡನ್ನೂ ಮಾತ್ರ ಬಿಚ್ಚಿ ಮಂಗಳೂರಿನ ಒಂದು ವರ್ಕ್‌ಶಾಪಿಗೆ ಕೊಟ್ಟೆ. 28 ಸಾವಿರ ಆಯಿತು. ಬಂದಾಗ ಕನ್ನಡಿಯ ಹಾಗೆ ಇತ್ತು. ಆಟಿ ತಿಂಗಳಿಗೆ (ಜುಲೈ-ಆಗಸ್ಟ್) ಗುಳ್ಳೆ ಎದ್ದಿತು. ಉಗುರಿನಿಂದ ಕೆರೆದರೆ ಒಳಗೆ ತುಕ್ಕು ಹಾಗೇ ಇದೆ, ಅದರ ಮೇಲೆಯೇ ಪುಟ್ಟಿ ಮೆತ್ತಿದ್ದಾರೆ. ಆ 28 ಸಾವಿರ ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಚೊಗರಿನ ಯೋಚನೆ ಬಂದದ್ದು ಮೆಟ್ಟುಗತ್ತಿಯಿಂದ. ಹಸಿ ಅಡಿಕೆ ಕೊರೆದ ಕತ್ತಿ ಕಪ್ಪಾಗುತ್ತದೆ, ಅಲ್ವಾ? ಹಾಗೆ ಕಪ್ಪಾದ ಜಾಗಕ್ಕೆ ಬೇಗ ತುಕ್ಕು ಬರುವುದಿಲ್ಲ ಎಂದು ನಾನು ಗಮನಿಸಿದ್ದೆ. ಅಳಲೆಕಾಯಿಗೆ ಅನ್ನಭೇದಿ ಸೇರಿಸಿ ಶಾಯಿ ಮಾಡುತ್ತಿದ್ದದ್ದೂ ಇದೇ ಲೆಕ್ಕದಲ್ಲಿ. ತುಕ್ಕನ್ನೇ ಗಟ್ಟಿ ಕಪ್ಪು ಪದರ ಮಾಡಲು ಅಂಗಡಿಯಲ್ಲಿ ಸಿಗುವ ರಸ್ಟ್ ಕನ್ವರ್ಟರ್‌ಗಳಲ್ಲಿ ಹಲವಕ್ಕೆ ಟ್ಯಾನಿಕ್ ಆಸಿಡ್ ಹಾಕುತ್ತಾರೆ. ಚೊಗರಿನಲ್ಲಿ ಇರುವುದೂ ಟ್ಯಾನಿನ್ನೇ. ಆದರೆ ನಮ್ಮ ಕಡೆ ಎಲ್ಲ ಚಾಲಿ, ಅಂದರೆ ಹಣ್ಣಡಿಕೆಯನ್ನು ಬಿಸಿಲಿಗೆ ಒಣಗಿಸುವುದು. ಅಡಿಕೆ ಬೇಯಿಸುವ ಕ್ರಮವೇ ಇಲ್ಲ, ಚೊಗರು ಎಲ್ಲಿಂದ ಬರಬೇಕು? ಸಾಗರದ ನೆಂಟರು ಅಪ್ಪೆಮಿಡಿ ಉಪ್ಪಿನಕಾಯಿಯ ಜೊತೆ ಎರಡು ಲೀಟರ್ ಕಳಿಸಿದರು. ದಾರಿಯಲ್ಲಿ ಸ್ವಲ್ಪ ಸೋರಿ, ತಂದವರ ಪಂಚೆ ಹೋಯಿತು. ಅದರ ದುಡ್ಡನ್ನೂ ಖರ್ಚಿಗೆ ಸೇರಿಸಿದ್ದೇನೆ.

ಮೊದಲನೇ ಸಲ ಪೂರ್ತಿ ಸೋತೆ. ಜುಲೈನಲ್ಲಿ ಬಳಿದದ್ದು ತಪ್ಪು, ಗಟ್ಟಿಯಾಗಿ ಬಳಿದದ್ದು ಇನ್ನೂ ದೊಡ್ಡ ತಪ್ಪು. ವಾರ ಕಳೆದರೂ ಅಂಟು ಬಿಡಲಿಲ್ಲ. ಹತ್ತನೇ ದಿನ ಅದರ ಮೇಲೆ ಬಿಳಿ ಬೂಸಲು. ಕಾರಿಗೆ ಬೂಸಲು ಹಿಡಿಸಿದ ಮೊದಲ ಮನುಷ್ಯ ನಾನೇ ಇರಬೇಕು. ಒರೆಸಿ ರೆಡ್ ಆಕ್ಸೈಡ್ ಹೊಡೆದೆ. ಅದೂ ಹಪ್ಪಳದ ಹಾಗೆ ಎದ್ದು ಬಂತು.

ಎರಡನೇ ಸಲ 2023ರ ಫೆಬ್ರವರಿಗೆ ಕಾದೆ. ಅಡಿಕೆ ಒಣಗುವ ಅಂಗಳದಲ್ಲೇ ಬಾಡಿ ಇಟ್ಟೆ. ಅಮ್ಮ ನಾಲ್ಕು ದಿನ ಮಾತಾಡಲಿಲ್ಲ. ವಯರ್ ಬ್ರಷ್‌ನಲ್ಲಿ ಉದುರುವ ತುಕ್ಕು ಮಾತ್ರ ತೆಗೆದೆ, ಬೆಳ್ಳಗೆ ಉಜ್ಜಲಿಲ್ಲ. ತುಕ್ಕು ಇದ್ದರೇ ತಾನೇ ಚೊಗರಿಗೆ ಹಿಡಿಯಲು ಏನಾದರೂ ಸಿಗುವುದು. ಚೊಗರನ್ನು ಬಿಸಿನೀರಿನಲ್ಲಿ ತೆಳ್ಳಗೆ ಮಾಡಿ, ಸೋಸಿ, ಇನ್ನೊಂದು ವಸ್ತು ಸೇರಿಸಿದೆ. ಅದು ಏನು, ಎಷ್ಟು ಎಂದು ಕೇಳಬೇಡಿ, ಅದನ್ನು ಹೇಳುವುದಿಲ್ಲ. ಬಳಿದ ಹತ್ತೇ ನಿಮಿಷದಲ್ಲಿ ಕೆಂಪು ಹೋಗಿ ನೀಲಿಗಪ್ಪು ಬಂತು. ಮರುದಿನ ಒದ್ದೆ ಬಟ್ಟೆಯಲ್ಲಿ ಅಂಟು ಒರೆಸಿ ಇನ್ನೊಂದು ಕೋಟು. ಎರಡು ದಿನದ ಬಿಸಿಲು, ಆಮೇಲೆ ಎಪಾಕ್ಸಿ ಪ್ರೈಮರ್. ರೆಡ್ ಆಕ್ಸೈಡ್‌ನ ಸಹವಾಸ ಮತ್ತೆ ಮಾಡಲಿಲ್ಲ.

ತೂತು ಬಿದ್ದ ಫ್ಲೋರಿಗೆ ಚೊಗರು ಏನೂ ಮಾಡುವುದಿಲ್ಲ, ಅದಕ್ಕೆ ಕತ್ತರಿಸಿ 18 ಗೇಜ್ ಶೀಟ್ ಬೆಸುಗೆಯೇ ಗತಿ. ಬೆಸುಗೆ ಹಾಕಿದ್ದು ಆ ‘ನಡಕ್ಕೂಲ’ ಟಿಂಕರೇ.

ಸಾಬೀತಿಗೆ ಡಿಕ್ಕಿಯ ತಳದ ಬಲಭಾಗಕ್ಕೆ ಅಂಗಡಿಯ ಕನ್ವರ್ಟರ್, ಎಡಭಾಗಕ್ಕೆ ಚೊಗರು ಹಾಕಿದ್ದೆ. ಎರಡು ಮಳೆಗಾಲ ಕಳೆದ ಮೇಲೆ ಬಲಗಡೆ ಎಂಟಾಣೆ ಅಗಲದ ಒಂದು ಗುಳ್ಳೆ. ಎಡಗಡೆ ಏನೂ ಇಲ್ಲ. ಭಾವನನ್ನು ಕರೆದು ತೋರಿಸಿದೆ. ‘ಬಲಗಡೆ ನೀರು ಜಾಸ್ತಿ ಬಿದ್ದಿರಬೇಕು’ ಅಂದ.

ನಡುವೆ ಒಂದು ಪೆದ್ದುತನವನ್ನೂ ಮಾಡಿದೆ. ಬಾಗಿಲಿನ ಒಳಮೈಗೆ ಬ್ರಷ್ ಹೋಗುವುದಿಲ್ಲ ಎಂದು ತೋಟಕ್ಕೆ ಮದ್ದು ಬಿಡುವ ಗಟೋರ್ ಪಂಪಿನಲ್ಲಿ ಚೊಗರು ಹೊಡೆದೆ. ಪಂಪನ್ನು ಸುಮ್ನೆ ಒಂದು ಸಲ ನೀರಾಡಿಸಿದ್ದೆ ಅಷ್ಟೆ. ಒಳಗೆ ಬೋರ್ಡೋ (ಅಡಿಕೆಗೆ ಬಿಡುವ ಮೈಲುತುತ್ತು-ಸುಣ್ಣದ ಮದ್ದು) ಉಳಿದಿತ್ತು. ಮರುದಿನ ನೋಡಿದರೆ ಅಲ್ಲಲ್ಲಿ ತಾಮ್ರದ ಬಣ್ಣ! ಚೊಗರಿನ ಹುಳಿಗೆ ಮೈಲುತುತ್ತಿನ ತಾಮ್ರ ಬಿಟ್ಟು ಕಬ್ಬಿಣಕ್ಕೆ ಕೂತಿತ್ತು. ಕಬ್ಬಿಣಕ್ಕೆ ತಾಮ್ರ ತಾಗಿದರೆ ತುಕ್ಕು ಇನ್ನೂ ಜೋರು. ಅದನ್ನು ಉಜ್ಜಿ ತೆಗೆಯಲು ಮೂರು ದಿನ ಬೇಕಾಯಿತು.

ಬೋಲ್ಟುಗಳನ್ನು ಬಿಂಬುಳಿ ಎಂಬ ಹುಳಿಕಾಯಿಯ ರಸದಲ್ಲಿ ಒಂದು ವಾರ ನೆನೆಸಿಯೂ ನೋಡಿದೆ. ತುಕ್ಕು ಹೋಯಿತು, ಆದರೆ ಅರಸಿನದ ಹಾಗೆ ಹಳದಿ ಹುಡಿ ಕೂತಿತು. ಅದು ಬಿಂಬುಳಿಯ ಆಕ್ಸಾಲಿಕ್ ಹುಳಿಯ ಕೆಲಸ. ಅದಕ್ಕಿಂತ ಹೊಸ ಬೋಲ್ಟೇ ಅಗ್ಗ.

ಎಂಜಿನ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಿಮಗೆಲ್ಲ ಗೊತ್ತಿರುವುದೇ. ಎರಡು, ಮೂರನೇ ಪಿಸ್ಟನ್ ಹಿಡಿದಿತ್ತು. ಪ್ಲಗ್ ತೂತಿಗೆ ಡೀಸೆಲ್ ಮತ್ತು ಎಟಿಎಫ್ (ಆಟೋಮ್ಯಾಟಿಕ್ ಗೇರಿನ ಎಣ್ಣೆ) ಬಿಟ್ಟು ಮೂರು ವಾರ ಕಾದೆ, ಟಾಪ್ ಗೇರಿನಲ್ಲಿ ಹಿಂದೆ ಮುಂದೆ ನೂಕಿದೆ. 23ನೇ ದಿನ ‘ಟಕ್’ ಎಂದಿತು. ಅವಸರಪಟ್ಟು ಮರದ ತುಂಡಿಟ್ಟು ಬಡಿಯದಿದ್ದರೆ ಒಂದು ಪಿಸ್ಟನ್ ಉಳಿಯುತ್ತಿತ್ತು. ಪ್ರೀಮಿಯರ್ ಪದ್ಮಿನಿ ಕಾರಿಗೂ ಇದೇ 1089 ಸಿಸಿ ಎಂಜಿನ್ ಆದ್ದರಿಂದ ಬಿಡಿಭಾಗಕ್ಕೆ ಪರದಾಡಲಿಲ್ಲ. ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ಅದಾದ ಎರಡು ತಿಂಗಳಿಗೆ ಅಲ್ಲಿಗೆ ಹೋಗಿ ಗುಜರಿಯಿಂದ ಎರಡು ಚೀಲ ಸಾಮಾನು ತಂದೆ. ಸುಮಾರು 19 ಸಾವಿರ, ರೈಲಿನ ಖರ್ಚು ಬೇರೆ. ಈಗಿನ ಎಥನಾಲ್ ಬೆರೆಸಿದ ಪೆಟ್ರೋಲಿಗೆ ಹಳೆಯ ರಬ್ಬರ್ ನಿಲ್ಲುವುದಿಲ್ಲ. ಪೆಟ್ರೋಲ್ ಪಂಪಿನ ಡಯಾಫ್ರಾಮನ್ನೂ ಹೋಸನ್ನೂ ಮರೆಯದೆ ಬದಲಿಸಿ.

ಒಟ್ಟು ಎರಡೂವರೆ ಲಕ್ಷ ದಾಟಿದೆ. ಮನೆಯಲ್ಲಿ ಹೇಳಿದ ಲೆಕ್ಕ ಒಂದೂವರೆ.

50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಮಾಡಿಸು ಎಂದು ಹಲವರು ಹೇಳಿದರು. 2021ರ ನಿಯಮದಂತೆ ಆ ನಂಬರಿನಲ್ಲಿ ದಿನನಿತ್ಯ ಓಡಿಸುವಂತಿಲ್ಲ, ಪ್ರದರ್ಶನ, ರ‍್ಯಾಲಿ ಇಂಥದ್ದಕ್ಕೆ ಮಾತ್ರ ತೆಗೆಯಬೇಕು. ನನಗೆ ಬೇಕಿದ್ದದ್ದು ಅಮ್ಮನನ್ನು ಕೂರಿಸಿಕೊಂಡು ಮಧೂರು ಗಣಪತಿ ದೇವಸ್ಥಾನಕ್ಕೆ ಹೋಗುವುದು. ಹಾಗಾಗಿ ಹಳೆಯ ನೋಂದಣಿಯನ್ನೇ ನವೀಕರಿಸಿದೆ. ಬ್ರೇಕ್ ಒಂದು ಬದಿಗೆ ಎಳೆಯುತ್ತದೆ ಎಂದು ಆರ್‌ಟಿಒದವರು ಮೊದಲ ಸಲ ವಾಪಸ್ ಕಳಿಸಿದರು. ಅವರು ಹೇಳಿದ್ದು ಸರಿಯೇ.

1992ರ ನಂತರ ಮಧೂರಿನಲ್ಲಿ ಮೂಡಪ್ಪ ಸೇವೆ (ಗಣಪತಿಯನ್ನು ಅಪ್ಪದಿಂದ ಮುಚ್ಚುವ ದೊಡ್ಡ ಸೇವೆ) ಆದದ್ದು 2025ರ ಏಪ್ರಿಲಿನಲ್ಲಿ. ಅದಕ್ಕೆ ಫಿಯಟ್‌ನಲ್ಲೇ ಹೋಗುವುದೆಂದು ಊರಿಡೀ ಹೇಳಿದ್ದೆ. ಕಾರು ತಯಾರಾದದ್ದು ಮೇ ಕೊನೆಗೆ. ಮೂಡಪ್ಪಕ್ಕೆ ಭಾವನ ಮಾರುತಿಯಲ್ಲಿ ಹೋದೆವು. ದಾರಿಯುದ್ದಕ್ಕೂ ಅವನು ಒಂದೂ ಮಾತು ಆಡಲಿಲ್ಲ, ಸುಮ್ನೆ ನಗುತ್ತಿದ್ದ.

ಈಗ ವಾರಕ್ಕೊಮ್ಮೆ ಪೆರ್ಲದವರೆಗೆ ಹೋಗಿ ಬರುತ್ತೇನೆ. ಲೀಟರಿಗೆ 11 ಕೊಡುತ್ತದೆ ಎಂದು ನನ್ನ ಅಂದಾಜು. ಎರಡನೇ ಗೇರು ಮಾತ್ರ ಇಳಿಜಾರಿನಲ್ಲಿ ಹಾರುತ್ತದೆ, ಗುಡ್ಡ ಇಳಿಯುವಾಗ ಲಿವರನ್ನು ಕೈಯಲ್ಲೇ ಒತ್ತಿ ಹಿಡಿಯಬೇಕು. ಗೇರ್‌ಬಾಕ್ಸ್ ಬಿಚ್ಚಬೇಕು. ಅಡಿಕೆ ಕೊಯ್ಲು ಮುಗಿಯಲಿ.