ಫ್ರಾನ್ಸಿನ ಹಳ್ಳಿ ದಾರಿಯಲ್ಲಿ ಸೈಕಲ್ ತುಳಿಯುವುದು ಹೇಗೆ?

ನಂದಿ ಬೆಟ್ಟ ಹತ್ತಿದವರಿಗೆ ಗೊತ್ತು, ಅಲ್ಲಿ ಏರು ಒಂದೇ. ಏಳೆಂಟು ಕಿಲೋಮೀಟರ್ ಹಲ್ಲು ಕಚ್ಚಿಕೊಂಡು ತುಳಿದರೆ ಮುಗಿಯಿತು. ಮೇಲೆ ಕಾಫಿ, ಆಮೇಲೆ ಬರೀ ಇಳಿಜಾರು. ನೈಋತ್ಯ ಫ್ರಾನ್ಸಿನ ದೊರ್ದೋನ್ ಜಿಲ್ಲೆ ಹಾಗಲ್ಲ. ಅಲ್ಲಿ ಬೆಟ್ಟ ಅಂತ ಕರೆಯುವಂಥದ್ದು ಕಣ್ಣಿಗೆ ಬೀಳುವುದೇ ಇಲ್ಲ. ಒಂದು ದಿಬ್ಬ, ಒಂದು ಹೊಳೆ, ನಾಲ್ಕು ಕಲ್ಲಿನ ಮನೆ, ಮತ್ತೆ ದಿಬ್ಬ. ಬೆಳಿಗ್ಗೆಯಿಂದ ಸಂಜೆವರೆಗೆ ಇದೇ ಕತೆ.

ಮೊದಲ ದಿನ ನಾನು 110 ಕಿ.ಮೀ. ಅಂತ ಲೆಕ್ಕ ಹಾಕಿ ಹೊರಟಿದ್ದೆ. ಬೆಂಗಳೂರಿನಲ್ಲಿ ಅದೇನು ದೊಡ್ಡ ವಿಷಯವಲ್ಲ, ಅಲ್ವಾ? ಎಪ್ಪತ್ತು ದಾಟುವಷ್ಟರಲ್ಲಿ ಒಂದು ಚರ್ಚಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಎದುರಿಗೇ ಬೇಕರಿ ಇತ್ತು. ಆದರೆ ಅವತ್ತು ಸೋಮವಾರ, ಬಾಗಿಲು ಹಾಕಿತ್ತು. ಅಲ್ಲಿ ಕಲಿತದ್ದು ಇಷ್ಟು: ಈ ಸೀಮೆಯಲ್ಲಿ ಸೈಕಲ್ ತುಳಿಯುವವರು ಕಿಲೋಮೀಟರ್ ಲೆಕ್ಕ ಆಮೇಲೆ ನೋಡಬೇಕು. ಮೊದಲು ನೋಡಬೇಕಾದದ್ದು ಎರಡು. ಎಷ್ಟು ಮೀಟರ್ ಏರು ಇದೆ ಮತ್ತು ಬೇಕರಿ ಯಾವಾಗ ತೆರೆದಿರುತ್ತದೆ.

1. ಕಾಲ ಮತ್ತು ಊರು ಗೊತ್ತುಮಾಡಿಕೊಳ್ಳಿ

ಮೇ, ಜೂನ್ ಇಲ್ಲವೇ ಸೆಪ್ಟೆಂಬರ್ ಒಳ್ಳೆಯದು. ಜುಲೈ–ಆಗಸ್ಟ್ ಅಲ್ಲಿನವರ ರಜಾಕಾಲ. ಹೊಳೆ ದಂಡೆಯ ರಸ್ತೆಗಳಲ್ಲಿ ಕಾರು ಜಾಸ್ತಿ, ಬಿಸಿಲೂ ಜಾಸ್ತಿ. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕಿರುತ್ತದೆ, ಹಾಗಾಗಿ ಕತ್ತಲಾಗುತ್ತದೆಂಬ ಅವಸರವಿಲ್ಲ.

ದಿನಾ ಗಂಟುಮೂಟೆ ಕಟ್ಟುವುದು ಬೇಡ ಅನ್ನುವವರು ಸಾರ್ಲಾ ಊರಿನಲ್ಲಿ ರೂಮು ಮಾಡಿ, ದಿನಕ್ಕೊಂದು ದಿಕ್ಕಿಗೆ ಸುತ್ತು ಹೊಡೆದು ಬರಬಹುದು. ಬೋರ್ದೋ ನಗರದಿಂದ ಅಲ್ಲಿಗೆ ಟಿಇಆರ್ ಅನ್ನುವ ಪ್ರಾಂತೀಯ ರೈಲಿದೆ, ಅದರಲ್ಲಿ ಸೈಕಲ್ ಹಾಗೆಯೇ ಹತ್ತಿಸಬಹುದು. ಪ್ಯಾರಿಸ್ಸಿನಿಂದ ಬೋರ್ದೋಗೆ ಬರುವ ವೇಗದ ಟಿಜಿವಿಯಲ್ಲಿ ಮಾತ್ರ ಸೈಕಲ್ಲಿಗೂ ಜಾಗ ಕಾಯ್ದಿರಿಸಬೇಕು, ಇಲ್ಲವೇ ಬಿಚ್ಚಿ ಚೀಲಕ್ಕೆ ಹಾಕಬೇಕು. ವಸತಿ ಹುಡುಕುವಾಗ ‘ಆಕ್ಯೋಯ್ ವೆಲೊ’ ಅನ್ನುವ ಗುರುತು ನೋಡಿ. ಸೈಕಲ್ ಇಡಲು ಭದ್ರವಾದ ಜಾಗ, ರಿಪೇರಿಗೆ ಬೇಕಾದ ಸಾಮಾನು ಇರುವ ಮನೆಗಳಿಗೆ ಕೊಡುವ ಗುರುತು ಅದು. ಫ್ರಾನ್ಸಿಗೆ ಹೋಗಲು ಬೇಕಾದ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವಿಮೆ ಹೇಗೂ ಬೇಕು. ಮಾಡಿಸುವಾಗ ಸೈಕಲ್ ಅಪಘಾತವೂ ಅದರಲ್ಲಿ ಸೇರಿದೆಯಾ ಅಂತ ಕೇಳಿಬಿಡಿ.

2. ನಕ್ಷೆಯಲ್ಲಿ ಬಿಳಿ ಗೆರೆ ಹುಡುಕಿ

ಫೋನಿನ ಆ್ಯಪ್ ಇರಲಿ, ಜೊತೆಗೆ ಮಿಶೆಲಿನ್ ಕಂಪನಿಯ ಒಂದು ಕಾಗದದ ನಕ್ಷೆಯೂ ಇರಲಿ. ಕೆಂಪು ಗೆರೆ ದೊಡ್ಡ ರಸ್ತೆ, ಅದರ ತಂಟೆ ಬೇಡ. ಹಳದಿ ಮಧ್ಯಮ. ಬಿಳಿ ಗೆರೆಗಳೇ ನಮಗೆ ಬೇಕಾದವು. ಪಕ್ಕದಲ್ಲಿ ಹಸಿರು ಅಂಚು ಇದ್ದರೆ ನೋಟ ಚೆನ್ನಾಗಿದೆ ಅಂತ ಅರ್ಥ. ರಸ್ತೆಯ ಮೇಲೆ ಸಣ್ಣ ಬಾಣದ ತಲೆಗಳಿರುತ್ತವೆ. ಒಂದಿದ್ದರೆ ಶೇ 5ರಿಂದ 9ರ ಏರು, ಎರಡಿದ್ದರೆ 9ರಿಂದ 13, ಮೂರಿದ್ದರೆ ಅದಕ್ಕೂ ಕಡಿದು. ಬಾಣ ತೋರಿಸುವ ಕಡೆಗೆ ಏರು. ಮೂರು ಬಾಣ ಎದುರಾದರೆ ಅದೇ ದಾರಿಯನ್ನು ಉಲ್ಟಾ ದಿಕ್ಕಿನಲ್ಲಿ ಹಾಕಿಕೊಳ್ಳಿ, ಇಳಿಯುವುದಕ್ಕೆ ಬರುತ್ತದೆ.

ಆ್ಯಪ್ ಒಟ್ಟು ಏರನ್ನು ತೋರಿಸುತ್ತದಲ್ಲ, ಅದನ್ನು ಕಿಲೋಮೀಟರಿನಿಂದ ಭಾಗಿಸಿ. ಕಿಲೋಮೀಟರಿಗೆ 10 ಮೀಟರ್ ಒಳಗಿದ್ದರೆ ಹಾಯಾದ ದಿನ. 15 ಮುಟ್ಟಿತೋ, ನಿಮ್ಮ ಮಾಮೂಲಿ ದೂರದಲ್ಲಿ ಮೂರನೇ ಒಂದು ಭಾಗ ಕಡಿಮೆ ಮಾಡಿ. ಇದು ನನ್ನದೇ ಲೆಕ್ಕ, ಚರ್ಚಿನ ಮೆಟ್ಟಿಲ ಮೇಲೆ ಹುಟ್ಟಿದ್ದು.

ಇನ್ನೊಂದು ಮಾತು. ನಮ್ಮಲ್ಲಿ ಹಳದಿ ತಲೆಯ ಕಿಲೋಮೀಟರ್ ಕಲ್ಲು ಅಂದರೆ ರಾಷ್ಟ್ರೀಯ ಹೆದ್ದಾರಿ. ಅಲ್ಲಿ ಹಳದಿ ತಲೆ ಅಂದರೆ ಜಿಲ್ಲಾ ರಸ್ತೆ, ಕೆಂಪು ತಲೆ ಅಂದರೆ ರಾಷ್ಟ್ರೀಯ ರಸ್ತೆ. ಹಳದಿ ಕಂಡು ಗಾಬರಿಯಾಗಬೇಡಿ.

3. ಸೈಕಲ್ ಸಿದ್ಧಮಾಡಿ

ಏರು ಹಗುರವಾಗಲು ಮುಂದೆ ಪೆಡಲಿನ ಬಳಿ 34 ಹಲ್ಲಿನ ಚಕ್ರ, ಹಿಂದಿನ ಗಾಲಿಯ ದೊಡ್ಡ ಹಲ್ಲುಚಕ್ರ 32 ಅಥವಾ 34 ಇರಲಿ. ಟೈರು 28 ಎಂ.ಎಂ.ಗಿಂತ ಸಣ್ಣದು ಬೇಡ. ಸಣ್ಣ ರಸ್ತೆಗಳನ್ನು ಡಾಂಬರು ಸುರಿದು ಮೇಲೆ ಜಲ್ಲಿ ಎರಚಿ ರಿಪೇರಿ ಮಾಡುತ್ತಾರೆ. ‘ಗ್ರಾವಿಯೋಂ’ ಅನ್ನುವ ಬೋರ್ಡು ಕಂಡರೆ ಸಡಿಲ ಜಲ್ಲಿ ಇದೆ ಅಂತ ತಿಳಿದು, ತಿರುವಿಗೆ ಮೊದಲೇ ವೇಗ ಇಳಿಸಿ.

ಬಾಡಿಗೆ ಸೈಕಲ್ ತೆಗೆದುಕೊಂಡರೆ ಅಂಗಡಿಯ ಮುಂದೆಯೇ ಬ್ರೇಕ್ ಹಿಡಿದು ನೋಡಿ. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈ ಬ್ರೇಕ್ ಮುಂದಿನ ಗಾಲಿಗೆ. ಅಲ್ಲಿ ಬಲಗೈ ಹಿಂದಿನದಕ್ಕೆ, ಎಡಗೈ ಮುಂದಿನದಕ್ಕೆ. ಇಳಿಜಾರಿನಲ್ಲಿ ಅಭ್ಯಾಸಬಲದಿಂದ ಎಡಗೈ ಬಿಗಿಯಾಗಿ ಒತ್ತಿದರೆ ಹ್ಯಾಂಡಲ್ ಮೇಲಿಂದ ಹಾರುತ್ತೀರಿ. ಅರ್ಧ ಗಂಟೆ ಸುಮ್ನೆ ಊರೊಳಗೆ ಸುತ್ತಿ ಕೈಗೆ ಪಾಠ ಹೇಳಿ.

4. ಬಲಕ್ಕೆ ಇರಿ, ಬಲಕ್ಕೆ ನೋಡಿ

ಅಲ್ಲಿ ವಾಹನ ಓಡಾಡುವುದು ರಸ್ತೆಯ ಬಲಕ್ಕೆ. ಇದು ಅರ್ಧ ದಿನದಲ್ಲಿ ರೂಢಿಯಾಗುತ್ತದೆ. ಮಧ್ಯಾಹ್ನ ಎಲ್ಲೋ ನಿಂತು ಮತ್ತೆ ಹೊರಡುವಾಗ ಮಾತ್ರ ತಪ್ಪಿ ಎಡಕ್ಕೆ ಹೋಗಿಬಿಡುತ್ತೇವೆ. ಹೊರಡುವ ಮುಂಚೆ ಒಮ್ಮೆ ಜೋರಾಗಿಯೇ ‘ಬಲಕ್ಕೆ’ ಅಂತ ಹೇಳಿಕೊಳ್ಳಿ. ಯಾರಿಗೂ ಕನ್ನಡ ಬರುವುದಿಲ್ಲ.

ಕಷ್ಟದ ನಿಯಮ ಬೇರೆ ಇದೆ. ಬೋರ್ಡು, ಗೆರೆ ಏನೂ ಇಲ್ಲದ ಕೂಡು ರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು. ನೀವು ದೊಡ್ಡ ಬೀದಿಯಲ್ಲಿದ್ದರೂ ಅಷ್ಟೇ. ಹಳ್ಳಿಯ ಓಣಿಯಿಂದ ಟ್ರ್ಯಾಕ್ಟರ್ ನಿಮ್ಮತ್ತ ನೋಡದೆಯೇ ಬಂದುಬಿಡುತ್ತದೆ, ಹಕ್ಕು ಅದರದ್ದೇ. ಹಳದಿ ವಜ್ರಾಕಾರದ ಬೋರ್ಡು ಇದ್ದರೆ ನಿಮ್ಮ ರಸ್ತೆಗೆ ಆದ್ಯತೆ. ಅದರ ಮೇಲೆ ಕಪ್ಪು ಗೀಟು ಬಿದ್ದರೆ ಆದ್ಯತೆ ಮುಗಿಯಿತು. ವೃತ್ತಗಳಲ್ಲಿ ಎಡದಿಂದ ಸುತ್ತಿ ಬರುವವರಿಗೆ ದಾರಿ ಬಿಡಿ.

ಕಿವಿಗೆ ಇಯರ್‌ಫೋನ್ ಹಾಕಬಾರದು, 135 ಯೂರೋ ದಂಡ. ಸೈಕಲ್ಲಿಗೆ ಬೆಲ್ ಕಡ್ಡಾಯ. ಊರಾಚೆ ಕತ್ತಲಲ್ಲಿ ಅಥವಾ ಮಂಜಿನಲ್ಲಿ ಹೋಗುವುದಾದರೆ ಹೊಳೆಯುವ ಜಾಕೆಟ್ಟೂ ಕಡ್ಡಾಯ. ಕಾರಿನವರು ಊರಾಚೆ ಒಂದೂವರೆ ಮೀಟರ್ ಜಾಗ ಬಿಟ್ಟು ನಿಮ್ಮನ್ನು ದಾಟಬೇಕು ಅಂತ ಕಾನೂನು. ಬಹಳಷ್ಟು ಜನ ಬಿಡುತ್ತಾರೆ ಕೂಡ. ಹಿಂದೆ ಹಾರ್ನ್ ಇಲ್ಲದೆ ಕಾರೊಂದು ತಾಳ್ಮೆಯಿಂದ ಬರುತ್ತಿದ್ದರೆ ನಮಗೇ ಮುಜುಗರವಾಗುತ್ತದೆ.

5. ಹೊಟ್ಟೆಯ ಟೈಂಟೇಬಲ್ ಬರೆದಿಟ್ಟುಕೊಳ್ಳಿ

ಈ ಭಾಗ ಓದಿ ನಕ್ಕುಬಿಡಬೇಡಿ, ಇದೇ ಮುಖ್ಯ. ಹಳ್ಳಿಯ ಅಂಗಡಿಗಳು ಮಧ್ಯಾಹ್ನ 12ರಿಂದ 2ರವರೆಗೆ, ಕೆಲವು ಕಡೆ ಇನ್ನೂ ಹೊತ್ತು, ಮುಚ್ಚಿರುತ್ತವೆ. ಭಾನುವಾರ ಮಧ್ಯಾಹ್ನದ ಮೇಲೆ ಊರೇ ಮಲಗಿದಂತೆ. ಸೋಮವಾರ ಅನೇಕ ಬೇಕರಿಗಳಿಗೆ ರಜೆ. ಹೋಟೆಲಿನಲ್ಲಿ ಊಟ ಬೇಕಾದರೆ ಹನ್ನೆರಡೂವರೆಗೇ ಕೂತಿರಬೇಕು. ಎರಡಕ್ಕೆ ಹೋದರೆ ಅಡುಗೆಮನೆ ಮುಚ್ಚಿದೆ ಅನ್ನುತ್ತಾರೆ. ನಮ್ಮ ದರ್ಶಿನಿಗಳ ಹಾಗೆ ಹೊತ್ತಲ್ಲದ ಹೊತ್ತಿನಲ್ಲಿ ಯಾರೂ ಏನೂ ಬಿಸಿ ಮಾಡಿಕೊಡುವುದಿಲ್ಲ.

ಆದ್ದರಿಂದ ಬೆಳಿಗ್ಗೆ ಹೊರಡುವಾಗಲೇ ಬೇಕರಿಗೆ ಹೋಗಿ. ಒಳಗೆ ಕಾಲಿಟ್ಟ ತಕ್ಷಣ ‘ಬೋಂಜೂರ್’ ಅನ್ನಲೇಬೇಕು. ನಮಸ್ಕಾರ ಹೇಳದೆ ಬ್ರೆಡ್ ಕೇಳಿದರೆ ಮುಖ ಗಂಟಾಗುತ್ತದೆ. ಅರ್ಧ ಬಾಗೆತ್ (ಉದ್ದನೆಯ ಬ್ರೆಡ್), ಒಂದು ಗಿಣ್ಣಿನ (ಚೀಸ್) ತುಂಡು, ಎರಡು ಬಾಳೆಹಣ್ಣು ಜರ್ಸಿಯ ಹಿಂಜೇಬಿಗೆ. ಪದರ ಪದರವಾದ ಹಿಟ್ಟಿನೊಳಗೆ ಚಾಕೊಲೇಟ್ ಇಟ್ಟ ತಿಂಡಿಯನ್ನು ಪ್ಯಾರಿಸ್ಸಿನಲ್ಲಿ ‘ಪೆಂ ಓ ಶೊಕೊಲಾ’ ಅಂತಾರೆ. ಇಲ್ಲಿ ‘ಶೊಕೊಲಾತೀನ್’ ಅನ್ನಿ. ಈ ಹೆಸರಿನ ಮೇಲೆ ಇವರಿಗೆ ಅಭಿಮಾನ, ನಿಮಗೊಂದು ನಗು ಉಚಿತ. ಬೇಕರಿಯೇ ಇಲ್ಲದ ಕೆಲವು ಹಳ್ಳಿಗಳಲ್ಲಿ ದುಡ್ಡು ಹಾಕಿದರೆ ಬಾಗೆತ್ ಉದುರಿಸುವ ಮಷಿನ್ ಉಂಟು, ಚಿಲ್ಲರೆ ಇಟ್ಟುಕೊಂಡಿರಿ.

ಸಸ್ಯಾಹಾರಿಗಳು ಇಲ್ಲಿ ಸ್ವಲ್ಪ ಹುಷಾರು. ಇದು ಬಾತುಕೋಳಿಯ ಸೀಮೆ. ‘ಪೋಮ್ ಸಾರ್ಲಾದೇಸ್’ ಅಂತ ಒಂದು ಪದಾರ್ಥವಿದೆ. ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿದ ಆಲೂಗಡ್ಡೆ ಕೆಂಪಗೆ ಹುರಿದು, ಮೇಲೆ ಬೆಳ್ಳುಳ್ಳಿ, ಹಸಿರು ಪಾರ್ಸ್ಲಿ ಉದುರಿಸಿರುತ್ತಾರೆ. ನೋಡಿದರೆ ನಮ್ಮ ಮನೆಯ ಆಲೂ ಪಲ್ಯದಂತೆಯೇ ಇದೆ. ಆದರೆ ಹುರಿಯುವುದು ಬಾತುಕೋಳಿಯ ಕೊಬ್ಬಿನಲ್ಲಿ. ಕೇಳಿ ತಿನ್ನಿ. ಅಕ್ರೋಟ್ ಹಾಕಿದ ಬ್ರೆಡ್, ಮೇಕೆ ಹಾಲಿನ ಪುಟ್ಟ ಕಬೆಕೂ ಗಿಣ್ಣು ಇವೆರಡಿದ್ದರೆ ಊಟ ಸಾಗುತ್ತದೆ.

6. ನೀರಿಗೆ ಸ್ಮಶಾನಕ್ಕೆ ಹೋಗಿ

ತಮಾಷೆಯಲ್ಲ. ಹಳ್ಳಿ ಹಳ್ಳಿಗೂ ಒಂದು ಸ್ಮಶಾನ, ಅದರ ಗೇಟಿನ ಹತ್ತಿರ ಹೂಕುಂಡಕ್ಕೆ ನೀರು ಹಾಕಲು ನಲ್ಲಿ. ಫ್ರಾನ್ಸಿನ ಸೈಕಲ್ಲಿಗರೆಲ್ಲ ಬಾಟಲಿ ತುಂಬಿಸುವುದು ಅಲ್ಲೇ. ಮೊದಲ ಸಲ ನನಗೂ ಮನಸ್ಸಾಗಲಿಲ್ಲ, ಗೇಟಿನ ಚಿಲಕದ ಮೇಲೆ ಕೈಯಿಟ್ಟು ಎರಡು ನಿಮಿಷ ನಿಂತಿದ್ದೆ. ಬಾಯಾರಿಕೆ ಗೆದ್ದಿತು. ನೀರು ತಣ್ಣಗಿತ್ತು. ‘ಓ ನೋಂ ಪೊತಾಬ್ಲ್’ ಅಂತ ಬರೆದಿದ್ದರೆ ಮಾತ್ರ ಕುಡಿಯಬೇಡಿ.

7. ದಿಬ್ಬವನ್ನು ತುಳಿಯುವ ಬಗೆ

ಸಣ್ಣ ಏರು ಕಂಡ ಕೂಡಲೇ ಎದ್ದು ನಿಂತು ಹೊಡೆಯಬೇಕು ಅನ್ನಿಸುತ್ತದೆ. ಬೇಡ. ಅಂಥವು ದಿನಕ್ಕೆ ಐವತ್ತು ಬರುತ್ತವೆ. ಇಳಿಜಾರಿನ ಕೊನೆಯಲ್ಲಿ ಬ್ರೇಕ್ ಹಿಡಿಯದೆ ವೇಗ ಉಳಿಸಿಕೊಳ್ಳಿ. ಪೆಡಲ್ ಭಾರವಾಗುವ ಮುಂಚೆಯೇ ಒಂದೊಂದೇ ಗೇರ್ ಇಳಿಸಿ. ಭಾರ ಬಿದ್ದ ಮೇಲೆ ಗೇರ್ ಬದಲಿಸಿದರೆ ಚೈನು ಕಟಕಟ ಅನ್ನುತ್ತದೆ, ಕೆಲವೊಮ್ಮೆ ಕಳಚಿಯೇ ಬೀಳುತ್ತದೆ. ಜೊತೆಗಾರರೊಂದಿಗೆ ಮಾತಾಡಲು ಆಗುವಷ್ಟು ಉಸಿರು ಉಳಿದಿರಲಿ.

ಬೆಂಗಳೂರಿನಲ್ಲಿ 200, 300, 400, 600 ಕಿ.ಮೀ. ಬ್ರೆವೆ (ಗೊತ್ತುಪಡಿಸಿದ ಅವಧಿಯೊಳಗೆ ಮುಗಿಸಬೇಕಾದ ದೂರದ ಸವಾರಿ) ಮುಗಿಸಿ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಕಡೆ ಕಣ್ಣಿಟ್ಟವರಿಗೂ ಇದೇ ಅಭ್ಯಾಸ ಬೇಕು. 1891ರಲ್ಲಿ ಶುರುವಾಗಿ, ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಆ 1,200 ಕಿ.ಮೀ. ಸವಾರಿಗೆ ಗರಿಷ್ಠ ಅವಧಿ 90 ಗಂಟೆ. ದಾರಿಯಲ್ಲಿ ದೊಡ್ಡ ಪರ್ವತ ಒಂದೂ ಇಲ್ಲ. ಆದರೂ ನಾರ್ಮಂಡಿ, ಬ್ರಿಟನಿಯ ದಿಬ್ಬಗಳನ್ನೆಲ್ಲ ಕೂಡಿಸಿದರೆ ಏರು 11,000 ಮೀಟರಿಗೂ ಜಾಸ್ತಿ. ನಂದಿಯನ್ನು ಹತ್ತು ಸಲ ಹತ್ತುವುದಕ್ಕಿಂತ ಏರಿಳಿತದ ದಾರಿಯಲ್ಲಿ ನೂರು ಕಿ.ಮೀ. ತುಳಿಯುವುದೇ ಇದಕ್ಕೆ ಒಳ್ಳೆಯ ತಯಾರಿ ಅನ್ನುವುದು ನನ್ನ ಅನಿಸಿಕೆ.

8. ಮೊದಲ ದಿನಕ್ಕೊಂದು ಸುತ್ತು

ಸಾರ್ಲಾದಿಂದ ಹೊರಟು, ಹಳೆಯ ರೈಲು ಹಳಿ ಕಿತ್ತು ಮಾಡಿದ ಸೈಕಲ್ ದಾರಿಯಲ್ಲಿ ಕಾರ್ಸಾಕ್‌ವರೆಗೆ ಹೋಗಿ. ಕಾರಿಲ್ಲ, ಏರಿಲ್ಲ, ಬ್ರೇಕಿನ ಪಾಠ ಅಲ್ಲೇ ಮುಗಿಸಿ. ಅಲ್ಲಿಂದ ಮೋಂಫೋರ್ ಕೋಟೆಯ ಕೆಳಗೆ ಹಾದು ವಿತ್ರಾಕ್, ಹೊಳೆ ದಾಟಿ ಸೆನಾಕ್. ಆಮೇಲೆ ದೋಮ್ ಊರಿನ ಏರು. 1281ರಲ್ಲಿ ಕಟ್ಟಿದ ಕೋಟೆ ಊರು, ಹೊಳೆಗಿಂತ ಸುಮಾರು 150 ಮೀಟರ್ ಮೇಲೆ ಬಂಡೆಯ ಅಂಚಿನಲ್ಲಿ ಕೂತಿದೆ. ಈ ದಿನದ ದೊಡ್ಡ ಕೆಲಸ ಇದೊಂದೇ, ನಿಧಾನಕ್ಕೆ ಹತ್ತಿ. ಮೇಲಿನ ಕಟ್ಟೆಯಿಂದ ಕೆಳಗೆ ನೋಡಿದರೆ ದೊರ್ದೋನ್ ಹೊಳೆ ಅಕ್ರೋಟ್ ತೋಟಗಳ ನಡುವೆ ತಿರುಗಿ ತಿರುಗಿ ಹೋಗುವುದು ಕಾಣುತ್ತದೆ.

ಇಳಿದು ಸಾಂ ಸಿಬ್ರಾನೆ, ಕಾಸ್ಟೆಲ್ನೋ ಮೇಲೆ ಬೆನಾಕ್ ಸೇರಿ, ಸಾರ್ಲಾಕ್ಕೆ ಮರಳಿ. ಒಟ್ಟು 50 ಕಿ.ಮೀ. ಆಸುಪಾಸು. ಬೆನಾಕ್ ಹತ್ತಿರದ ಡಿ-703 ರಸ್ತೆಯಲ್ಲಿ ವಾಹನ ಜಾಸ್ತಿ, ಸಾಲಾಗಿ ಒಬ್ಬರ ಹಿಂದೆ ಒಬ್ಬರು ಹೋಗಿ.

ಹೊರಡುವುದು ಮಂಗಳವಾರ ಇಟ್ಟುಕೊಳ್ಳಿ. ಸೋಮವಾರದ ಕಾಟವಿಲ್ಲ, ಮಾರನೇ ದಿನ ಬುಧವಾರ ಸಾರ್ಲಾದಲ್ಲಿ ಸಂತೆ. ತೊಡೆ ನೋಯುತ್ತಿದ್ದರೆ ಸೈಕಲ್ ರೂಮಿನಲ್ಲೇ ಬಿಟ್ಟು, ಚೀಲ ಹಿಡಿದು ಅಕ್ರೋಟ್ ತರಲು ನಡೆದೇ ಹೋಗಿ.