ಸಣ್ಣ ನಳಿಕೆಯ ರೈಫಲ್‌ನಲ್ಲಿ ಜಿಂಕೆ ಷಿಕಾರಿ: ನನ್ನ ಅನುಭವ

ಟೆಕ್ಸಾಸ್‌ನ ಆಸ್ಟಿನ್ ನಗರದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ ವರ್ಷಗಳಲ್ಲಿ ನಾನು .223 ರೆಮಿಂಗ್ಟನ್ ಎಂಬ ಸಣ್ಣ ಅಡ್ಡಳತೆಯ ತೋಟಾ ಹಾರಿಸುವ ರೈಫಲ್‌ನಿಂದ ಜಿಂಕೆ ಷಿಕಾರಿ ಮಾಡುತ್ತಿದ್ದೆ. ಮೈಸೂರಿಗೆ ಮರಳಿದ ಮೇಲೆ ಈ ವಿಷಯ ಬಂದಾಗಲೆಲ್ಲ ನೆಂಟರಿಷ್ಟರಿಂದ ಬರುವ ಪ್ರಶ್ನೆ ಒಂದೇ. ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಜಮೀನು ಮಾಡುವ ನನ್ನ ಸೋದರಮಾವ ಅದನ್ನು ಕೇಳುವ ರೀತಿ ಹೀಗೆ: “ಏನಪ್ಪಾ, ಇಷ್ಟೇ ಇಷ್ಟು ಗುಂಡ್ಗೆ ಜಿಂಕೆ ಬಿದ್ಬುಡ್ತದಾ?” ಬೀಳುತ್ತದೆ, ಆದರೆ ಯಾವ ಗುಂಡು, ಎಷ್ಟು ದೂರ, ಎಲ್ಲಿ ತಗುಲಬೇಕು ಎಂಬ ಮೂರು ವಿಷಯಗಳಲ್ಲಿ ಹೊಡೆಯುವವನು ಕಟ್ಟುನಿಟ್ಟಾಗಿದ್ದರೆ ಮಾತ್ರ ಬೀಳುತ್ತದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ, ಕಡವೆಗಳ ಬೇಟೆ ಅಪರಾಧವಾದ್ದರಿಂದ ಇಲ್ಲಿ ಹೇಳುವುದೆಲ್ಲವೂ ಅಲ್ಲಿನ ನೆಲ ಮತ್ತು ಅಲ್ಲಿನ ಕಾನೂನಿಗೆ ಸಂಬಂಧಿಸಿದ್ದು.

ಅಲ್ಲಿನ ಕಾನೂನಿನಲ್ಲಿಯೂ ನಮ್ಮಂಥವರಿಗೆ ಒಂದು ವಿಚಿತ್ರವಿದೆ. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಅಮೆರಿಕದ ಒಕ್ಕೂಟದ ಕಾನೂನಿನಂತೆ ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಅದಕ್ಕಿರುವ ವಿನಾಯಿತಿಗಳಲ್ಲಿ ಒಂದು, ಚಾಲ್ತಿಯಲ್ಲಿರುವ ಬೇಟೆಯ ಲೈಸೆನ್ಸ್ ಹೊಂದಿರುವುದು. ಟೆಕ್ಸಾಸ್‌ನಲ್ಲಿ ಆ ಲೈಸೆನ್ಸಿನ ವರ್ಷ ಆಗಸ್ಟ್ 31ಕ್ಕೆ ಮುಗಿಯುವುದರಿಂದ, ಮನೆಯಲ್ಲಿ ರೈಫಲ್ ಇಟ್ಟುಕೊಂಡ ವೀಸಾದಾರನಿಗೆ ಆ ತಾರೀಖು ಆದಾಯ ತೆರಿಗೆಯ ಗಡುವಿಗಿಂತ ಮುಖ್ಯವಾದದ್ದು.

ಈಗ ಗುಂಡಿನ ವಿಷಯಕ್ಕೆ ಬರೋಣ. .223ರ ಗುಂಡಿನ ಅಡ್ಡಳತೆ ಸುಮಾರು 5.7 ಮಿಲಿಮೀಟರ್. ನಮ್ಮ ಕಾಲೇಜುಗಳ ಎನ್‌ಸಿಸಿ ಹುಡುಗರು ಗುರಿ ಅಭ್ಯಾಸಕ್ಕೆ ಬಳಸುವ .22 ರೈಫಲ್‌ನ ಗುಂಡಿನ ಅಡ್ಡಳತೆಯೂ ಹೆಚ್ಚು ಕಡಿಮೆ ಅಷ್ಟೇ. ಆದರೆ .22ರ ಗುಂಡು ನಳಿಕೆ ಬಿಡುವಾಗ ಅದರಲ್ಲಿರುವ ಶಕ್ತಿ ಸಾಮಾನ್ಯವಾಗಿ 200 ಜೌಲ್‌ಗಿಂತ ಕಡಿಮೆ, .223ರಲ್ಲಿ ಅದು 1,600 ಜೌಲ್ ದಾಟುತ್ತದೆ. ಆದ್ದರಿಂದ ಕ್ಯಾಲಿಬರ್‌ನ, ಅಂದರೆ ಇಂಚಿನಲ್ಲಿ ಹೇಳುವ ಅಡ್ಡಳತೆಯ, ಅಂಕಿಯನ್ನು ಮಾತ್ರ ನೋಡಿ ತೀರ್ಮಾನಕ್ಕೆ ಬರುವುದು ತಪ್ಪು. ಟೆಕ್ಸಾಸ್ ಬಿಳಿಬಾಲದ ಜಿಂಕೆಗೆ .22ರಂಥ, ತಳದ ಅಂಚಿಗೆ ಪೆಟ್ಟು ಬಿದ್ದು ಸಿಡಿಯುವ ರಿಮ್‌ಫೈರ್ ತೋಟಾಗಳನ್ನು ನಿಷೇಧಿಸಿದೆ, .223ಕ್ಕೆ ಅಡ್ಡಿಯಿಲ್ಲ; ವರ್ಜೀನಿಯಾದಲ್ಲಿ ಜಿಂಕೆಗೆ .23 ಅಥವಾ ಅದಕ್ಕಿಂತ ದೊಡ್ಡದೇ ಆಗಬೇಕು, ಕೊಲರಾಡೊದಲ್ಲಿ ಕನಿಷ್ಠ .24. ಹಾಗಾಗಿ ಇದೇ ರೈಫಲ್ ಒಂದು ರಾಜ್ಯದಲ್ಲಿ ಸಕ್ರಮ, ಇನ್ನೊಂದರಲ್ಲಿ ದಂಡಕ್ಕೆ ದಾರಿ.

ನಾನು ಸಣ್ಣ ನಳಿಕೆಯನ್ನು ಆರಿಸಿಕೊಂಡದ್ದಕ್ಕೆ ಕಾರಣ ಭುಜ. ಅಲ್ಲಿ ಬಹಳ ಮಂದಿ ಬಳಸುವ .30-06 ರೈಫಲ್ ಹಿಮ್ಮೆಟ್ಟಿ ಒದೆಯುವ ರಭಸ .223ರ ಐದಾರು ಪಟ್ಟು. ಒದೆತಕ್ಕೆ ಹೆದರುವವನು ಕುದುರೆ (ಟ್ರಿಗರ್) ಎಳೆಯುವ ಕ್ಷಣದಲ್ಲಿ ತನಗೇ ತಿಳಿಯದೆ ಕಣ್ಣು ಮುಚ್ಚುತ್ತಾನೆ, ಹೆಗಲು ಮುಂದೂಡುತ್ತಾನೆ, ಗುಂಡು ಒಂದು ಗೇಣು ಆಚೆ ಹೋಗುತ್ತದೆ. ದೊಡ್ಡ ಗುಂಡು ಕರುಳಿಗೆ ಬೀಳುವುದಕ್ಕಿಂತ ಸಣ್ಣ ಗುಂಡು ಶ್ವಾಸಕೋಶಕ್ಕೆ ಬೀಳುವುದು ಪ್ರಾಣಿಗೂ ಒಳ್ಳೆಯದು, ಹೊಡೆದವನಿಗೂ ಒಳ್ಳೆಯದು.

ಆದರೆ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ .223 ತೋಟಾಗಳಲ್ಲಿ ಹೆಚ್ಚಿನವು ಜಿಂಕೆಗೆ ತಕ್ಕವಲ್ಲ. ಪೂರ್ತಿ ತಾಮ್ರದ ಹೊದಿಕೆಯಿರುವ, ಸೈನ್ಯದ ಮಾದರಿಯ ಗುಂಡು ಅರಳದೆ ದಬ್ಬಳದಂತೆ ತೂರಿ ಹೊರಟುಹೋಗಬಹುದು. ಇದಕ್ಕೆ ತದ್ವಿರುದ್ಧವಾಗಿ, ನರಿ, ಕಯೋಟಿಗಳಿಗೆಂದು ಮಾಡಿದ ತೆಳು ಹೊದಿಕೆಯ ಗುಂಡು ಹೆಗಲ ಮೂಳೆಗೆ ತಗುಲಿದೊಡನೆ ಚೂರಾಗಿ, ಮೇಲುಮೇಲೆ ಭೀಕರವಾದ ಗಾಯ ಮಾಡಿ, ಒಳಗಿನ ಅಂಗವನ್ನು ಮುಟ್ಟುವುದೇ ಇಲ್ಲ. ನಾನು ಬಳಸುತ್ತಿದ್ದದ್ದು 62 ಗ್ರೇನ್, ಅಂದರೆ ಸುಮಾರು ನಾಲ್ಕು ಗ್ರಾಂ ತೂಕದ, ಸೀಸವೂ ತಾಮ್ರವೂ ಬೆಸೆದುಕೊಂಡಿರುವ ಬಾಂಡೆಡ್ ಗುಂಡು. ಇದರ ಮೂತಿ ಅರಳುತ್ತದೆ, ಆದರೆ ಒಡಲು ಚದುರುವುದಿಲ್ಲ. ಇಷ್ಟು ಉದ್ದದ ಗುಂಡು ಗಾಳಿಯಲ್ಲಿ ನೇರವಾಗಿ ನಿಲ್ಲಬೇಕಾದರೆ ನಳಿಕೆಯೊಳಗಿನ ಸುರುಳಿಗೆರೆ ಒಂಬತ್ತು ಇಂಚಿಗಾದರೂ ಒಂದು ಸುತ್ತು ಹಾಕಬೇಕು. ಹನ್ನೆರಡು ಇಂಚಿಗೆ ಒಂದು ಸುತ್ತಿರುವ ಹಳೆಯ ರೈಫಲ್‌ಗಳು 55 ಗ್ರೇನ್‌ವರೆಗೆ ಸರಿ, ಅದರಾಚೆಗೆ ಗುರಿ ಚೆದುರುತ್ತದೆ.

ನನ್ನ ಷಿಕಾರಿಯ ಜಾಗ ಕಿಂಬಲ್ ಕೌಂಟಿಯಲ್ಲಿ, ಲ್ಯಾನೊ ನದಿಯ ಬದಿಯ ಒಂದು ಖಾಸಗಿ ರ‍್ಯಾಂಚ್. ಸುಣ್ಣಕಲ್ಲಿನ ಗುಡ್ಡ, ಜೂನಿಪರ್ ಗಿಡ, ಎಲ್ಲೆಂದರಲ್ಲಿ ಪಾಪಾಸುಕಳ್ಳಿ. ಮಳೆಯಿಲ್ಲದ ವರ್ಷದ ನಮ್ಮ ನಂಜನಗೂಡು, ಗುಂಡ್ಲುಪೇಟೆ ಕಡೆಯ ಬೋರೆ ನೆಲವನ್ನು ಕಂಡವರಿಗೆ ಅದು ಪೂರ್ತಿ ಪರಕೀಯವೆನಿಸುವುದಿಲ್ಲ. ಅಲ್ಲಿನ ಬಿಳಿಬಾಲದ ಜಿಂಕೆ ಸಣ್ಣ ಗಾತ್ರದ್ದು, ಹೆಣ್ಣು ನಲವತ್ತು ಕಿಲೋ ಆಸುಪಾಸು. ಅದರ ಜೊತೆಗೆ ಮೇಯುವುದು ನಮ್ಮದೇ ಚುಕ್ಕೆ ಜಿಂಕೆ. 1932ರಲ್ಲಿ ಟೆಕ್ಸಾಸ್‌ಗೆ ತಂದು ಬಿಟ್ಟ ಈ ಪ್ರಾಣಿ ಆ ಗುಡ್ಡಗಾಡಿನಲ್ಲಿ ಹಬ್ಬಿಕೊಂಡು ಸ್ಥಳೀಯ ಜಿಂಕೆಗಳ ಮೇವಿಗೆ ಪೈಪೋಟಿಯಾಗಿದೆ. ಕಾನೂನು ಅದನ್ನು ಹೊರಗಿನ ಪ್ರಾಣಿ ಎಂದು ಪರಿಗಣಿಸುವುದರಿಂದ ಅದಕ್ಕೆ ಋತುವಿನ ಕಟ್ಟಿಲ್ಲ, ಎಣಿಕೆಯ ಮಿತಿಯಿಲ್ಲ. ಬಂಡೀಪುರದ ರಸ್ತೆಯಲ್ಲಿ ಕಾರು ನಿಲ್ಲಿಸಿ ನೋಡುವುದಕ್ಕೂ ಬಿಡದ ಪ್ರಾಣಿಯನ್ನು ಅಲ್ಲಿ ಮೇ ತಿಂಗಳಲ್ಲಿಯೂ ಹೊಡೆಯಬಹುದು ಎಂದರೆ ನಮ್ಮವರು ನಂಬುವುದಿಲ್ಲ.

ಬಿಳಿಬಾಲದ ಜಿಂಕೆ ಒಂಟಿಯಾಗಿಯೋ ಎರಡು ಮೂರಾಗಿಯೋ ಬರುತ್ತದೆ. ಚುಕ್ಕೆ ಜಿಂಕೆ ಹಿಂಡಾಗಿ ಬರುತ್ತದೆ. ಹಿಂಡಿನಲ್ಲಿ ಒಂದಲ್ಲ ಒಂದು ತಲೆ ಎತ್ತಿಯೇ ಇರುತ್ತದೆ, ಒಂದರ ಹಿಂದೆ ಇನ್ನೊಂದು ನಿಂತಿರುತ್ತದೆ. ಅಟ್ಟಣೆಯ ಮೇಲೆ ಕುಳಿತು ನೂರು ಗಜದೊಳಗೆ ಒಂದು ಹೆಣ್ಣು ಪೂರ್ತಿ ಅಡ್ಡಲಾಗಿ, ಅದರ ಹಿಂದೆ ಬರೀ ಮಣ್ಣಿನ ದಿಬ್ಬ ಕಾಣುವಂತೆ ನಿಲ್ಲುವವರೆಗೆ ನಾನು ಸುರಕ್ಷತಾ ಕೀಲನ್ನು ಮುಟ್ಟುತ್ತಿರಲಿಲ್ಲ. ಗುರಿ ಮುಂಗಾಲಿನ ಹಿಂಬದಿಯ ಗೆರೆಯ ಮೇಲೆ, ಎದೆಯ ಆಳದಲ್ಲಿ ಕೆಳಗಿನಿಂದ ಮೂರನೆಯ ಒಂದು ಭಾಗಕ್ಕೆ. ಅಲ್ಲಿ ಪಕ್ಕೆಲುಬು ತೆಳು, ಅದರ ಹಿಂದೆಯೇ ಶ್ವಾಸಕೋಶ. ದೊಡ್ಡ ರೈಫಲ್ ಹಿಡಿದವನು ಎದುರಿನಿಂದ ಓರೆಯಾಗಿ ನಿಂತ ಜಿಂಕೆಯ ಹೆಗಲು ಮುರಿದು ಗುಂಡನ್ನು ಒಳಕ್ಕೆ ಕಳಿಸಬಲ್ಲ; .223 ಹಿಡಿದವನು ಅಂಥದ್ದನ್ನು ಬಿಟ್ಟುಬಿಡಬೇಕು. ಕುತ್ತಿಗೆಗೆ ಹೊಡೆಯುವುದನ್ನು ಹೊಗಳುವವರು ಅಲ್ಲಿ ಬಹಳ ಇದ್ದಾರೆ. ಕುತ್ತಿಗೆ ಜಿಂಕೆಯ ಮೈಯಲ್ಲಿ ಅತಿ ಹೆಚ್ಚು ಅಲುಗಾಡುವ ಭಾಗ ಎಂಬುದೊಂದೇ ಕಾರಣಕ್ಕೆ ನಾನು ಅದನ್ನು ಒಪ್ಪಲಿಲ್ಲ.

ಸಣ್ಣ ನಳಿಕೆಯವನ ನಿಜವಾದ ಕೆಲಸ ಗುಂಡು ಹಾರಿದ ಮೇಲೆ. ಎದೆಗೆ ಸರಿಯಾಗಿ ಬಿದ್ದರೂ ಜಿಂಕೆ ಐವತ್ತು, ಅರವತ್ತು ಗಜ ಓಡುವುದುಂಟು. ಗುಂಡು ಆಚೆ ಬದಿಯಿಂದ ಹೊರಬೀಳದಿದ್ದರೆ ನೆಲಕ್ಕೆ ರಕ್ತ ಬೀಳುವುದು ಕಡಿಮೆ. ಅದಕ್ಕೆ ಹೊಡೆದ ಕ್ಷಣದಲ್ಲಿ ಅದು ನಿಂತಿದ್ದ ಕಲ್ಲನ್ನೋ ಗಿಡವನ್ನೋ ಕಣ್ಣಲ್ಲಿ ಗುರುತಿಟ್ಟುಕೊಂಡು, ಅರ್ಧ ಗಂಟೆ ಕುಳಿತಲ್ಲೇ ಕುಳಿತು, ಆಮೇಲೆ ಇಳಿಯುತ್ತಿದ್ದೆ. ಮೊದಲು ಹುಡುಕುವುದು ರಕ್ತವನ್ನಲ್ಲ, ಕೂದಲನ್ನು: ಕಂದು ಕೂದಲಾದರೆ ಪಕ್ಕೆ, ಒರಟಾದ ಬಿಳಿ ಕೂದಲಾದರೆ ಹೊಟ್ಟೆಯ ತಳ. ರಕ್ತ ತಿಳಿಗೆಂಪಾಗಿ ನೊರೆಗಟ್ಟಿದ್ದರೆ ಶ್ವಾಸಕೋಶ, ಜಿಂಕೆ ಹತ್ತಿರದಲ್ಲೇ ಬಿದ್ದಿದೆ ಎಂದರ್ಥ. ಕಪ್ಪುಗೆಂಪಾದರೆ ಯಕೃತ್ತು, ಇನ್ನೂ ಕಾಯಬೇಕು. ಹಸಿರು ರಸ ಬೆರೆತು ನಾರುತ್ತಿದ್ದರೆ ಹೊಟ್ಟೆ. ಆಗ ಹಲವು ಗಂಟೆ ಸುಮ್ಮನಿರುವುದೇ ಸರಿ, ಅಟ್ಟಿದರೆ ಅದು ನೋವಿನಲ್ಲೇ ದೂರ ಹೋಗುತ್ತದೆ. ಬೇಸಿಗೆಯಲ್ಲಿ ಮಾತ್ರ ಈ ಕಾಯುವಿಕೆಗೂ ಮಾಂಸ ಕೆಡುವ ಭಯಕ್ಕೂ ಜಗಳ. ಆದ್ದರಿಂದ ಮೇ, ಜೂನ್‌ನಲ್ಲಿ ಬೆಳಗಿನ ಹೊತ್ತು ಮಾತ್ರ ಕೂರುತ್ತಿದ್ದೆ, ಐಸ್ ತುಂಬಿದ ಪೆಟ್ಟಿಗೆ ಗಾಡಿಯಲ್ಲೇ ಇರುತ್ತಿತ್ತು.

ಈ ಮಿತಿಯ ಆಚೆಗೂ ಸಣ್ಣ ನಳಿಕೆಯನ್ನು ಎಳೆಯುವವರು ತಪ್ಪದೆ ಎತ್ತುವ ಹೆಸರು ಡಬ್ಲ್ಯು.ಡಿ.ಎಂ. ಬೆಲ್. ಅವರು ಆಫ್ರಿಕದಲ್ಲಿ 7 ಮಿಲಿಮೀಟರ್‌ನ .275 ರಿಗ್ಬಿ ರೈಫಲ್‌ನಿಂದ ನೂರಾರು ಆನೆಗಳನ್ನು ಹೊಡೆದದ್ದು ನಿಜ. ಆದರೆ ಅವರು ಬಳಸಿದ್ದು ಅರಳದ, ಉದ್ದನೆಯ, ಭಾರದ ಗುಂಡು. ಆನೆಯ ಬುರುಡೆಯನ್ನು ಕೊಯ್ದು ಮಿದುಳಿನ ಜಾಗವನ್ನು ಕಲಿತವರು ಅವರು. ಅದನ್ನು ವಾರಾಂತ್ಯದ ಷಿಕಾರಿಯವನು ಪ್ರಮಾಣವಾಗಿ ತೋರಿಸುವುದು ನನಗೆ ಸರಿಕಾಣದು. ದಕ್ಷಿಣ ಟೆಕ್ಸಾಸ್‌ನಲ್ಲಿ 1930ರ ಆಸುಪಾಸಿನಲ್ಲಿ ಬಿಟ್ಟ ನೀಲಗಾಯಿಗಳೂ ಇವೆ. ಗಂಡು ಇನ್ನೂರು ಕಿಲೋ ದಾಟುತ್ತದೆ, ಚರ್ಮ ಎಷ್ಟು ದಪ್ಪವೆಂದರೆ ಗುಂಡಿನ ತೂತು ಮುಚ್ಚಿಕೊಂಡು ರಕ್ತವೇ ಇಳಿಯುವುದಿಲ್ಲ. ಅಲ್ಲಿಗೆ ಕರೆ ಬಂದಾಗ ನಾನು .223 ಅನ್ನು ಮನೆಯಲ್ಲೇ ಬಿಟ್ಟು, ಸ್ನೇಹಿತರೊಬ್ಬರ .300 ವಿಂಚೆಸ್ಟರ್ ಮ್ಯಾಗ್ನಮ್ ತೆಗೆದುಕೊಂಡು ಹೋದೆ. ಬಲಿತ ಗಂಡು ಚುಕ್ಕೆ ಜಿಂಕೆಗೂ ನಾನು .223 ಎತ್ತುತ್ತಿರಲಿಲ್ಲ.

ಇಲ್ಲಿಂದ ಕೆಲಸಕ್ಕೆ ಹೋಗುವ ಹುಡುಗರು ಕೇಳಿದರೆ ನಾನು ಹೇಳುವುದು .243 ವಿಂಚೆಸ್ಟರ್. 1955ರಲ್ಲಿ ಬಂದ ಈ ತೋಟಾದ ಒದೆತ .30-06ರ ಅರ್ಧದಷ್ಟೇ, 100 ಗ್ರೇನ್ ಗುಂಡು ಹೆಗಲ ಮೂಳೆಯನ್ನು ತಡೆದುಕೊಳ್ಳುತ್ತದೆ, ಕೊಲರಾಡೊದ ಜಿಂಕೆಗೂ ಸಲ್ಲುತ್ತದೆ. .223 ಎರಡನೆಯ ರೈಫಲ್ ಆಗಿರಲಿ.